ರೂಟರ್ ಬೆನ್ನಿಗೊಂದು ಹಾರ್ಡ್‌ಡಿಸ್ಕ್

ಮನೆಯ ವೈಫೈ ರೂಟರನ್ನು ಒಮ್ಮೆ ತಿರುಗಿಸಿ ನೋಡಿ. ಲ್ಯಾನ್ ಕೇಬಲ್ ಹಾಕುವ ಜಾಗದ ಆಸುಪಾಸಿನಲ್ಲೇ ಒಂದು ಯುಎಸ್‌ಬಿ ಪೋರ್ಟ್ ಇರಬಹುದು. ಎಷ್ಟೋ ಮನೆಗಳಲ್ಲಿ ಅದು ಧೂಳು ಹಿಡಿದು ಸುಮ್ನೆ ಕೂತಿರುತ್ತದೆ. ಅದಕ್ಕೊಂದು ಪೆನ್‌ಡ್ರೈವೋ ಹಾರ್ಡ್‌ಡಿಸ್ಕೋ ಸಿಕ್ಕಿಸಿದರೆ ಅಪ್ಪನ ಲ್ಯಾಪ್‌ಟಾಪ್, ಅಮ್ಮನ ಫೋನ್, ಹಾಲ್‌ನ ಟೀವಿ ಎಲ್ಲದಕ್ಕೂ ಒಂದೇ ಕಪಾಟು ಸಿಕ್ಕ ಹಾಗೆ. ತಿಂಗಳ ಬಾಡಿಗೆ ಇಲ್ಲ. ಇಂಟರ್ನೆಟ್ ಹೋದರೂ ಮನೆಯೊಳಗೆ ನಡೆಯುತ್ತದೆ.

ಮೊದಲು ಡಿಸ್ಕ್

ಡಿಸ್ಕ್ ಫೈಲ್ ಜೋಡಿಸಿಡುವ ರೀತಿ ಫ್ಯಾಟ್32 ಮಾದರಿಯದ್ದಾಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. ಮದುವೆ ವಿಡಿಯೊ ಅರ್ಧಕ್ಕೇ ನಿಲ್ಲುವುದು ಇದೇ ಕಾರಣಕ್ಕೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಒಳ್ಳೆಯದು. ನಿಮ್ಮ ರೂಟರ್ ಯಾವುದನ್ನು ಓದುತ್ತದೆ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಮಾದರಿ ಬದಲಿಸಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆ ಕಡೆ ಇಳಿಸಿಕೊಳ್ಳಿ.

ಇನ್ನೊಂದು ವಿಷಯ ಕರೆಂಟ್. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು ಬರೀ 500 ಮಿಲಿಆಂಪ್. ನಮ್ಮ ಮನೆಯಲ್ಲಿ ಹಳೆಯ ಹಾರ್ಡ್‌ಡಿಸ್ಕ್ ಹಾಕಿದಾಗ ದೀಪ ಹತ್ತಿತು, ಟಿಕ್ ಟಿಕ್ ಎಂದಿತು, ಮತ್ತೆ ಆರಿತು. ಹೀಗೇ ನಾಲ್ಕೈದು ಸಲ. ಡಿಸ್ಕ್ ಕೆಟ್ಟಿರಲಿಲ್ಲ, ಅದಕ್ಕೆ ಕರೆಂಟ್ ಸಾಲುತ್ತಿರಲಿಲ್ಲ. ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮಧ್ಯೆ ಹಾಕಿದ ಮೇಲೆ ಸರಿಹೋಯಿತು. ಇಂಥ ಸದ್ದು ಕೇಳಿದರೆ ತಕ್ಷಣ ತೆಗೆದುಬಿಡಿ.

ರೂಟರ್ ಒಳಗೆ

ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ಎಂದು ಟೈಪ್ ಮಾಡಿ. ಎರಡೂ ಅಲ್ಲದಿದ್ದರೆ ರೂಟರ್ ತಳದ ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಒಳಗೆ ಹೋಗಿ ಯುಎಸ್‌ಬಿ, ಸ್ಟೋರೇಜ್ ಶೇರಿಂಗ್ ಅಥವಾ ಸಾಂಬಾ ಎಂಬ ಮೆನು ಹುಡುಕಿ ಆನ್ ಮಾಡಿ. ಅಲ್ಲೇ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ. ಇದನ್ನು ಬಿಡಬೇಡಿ: ನಿಮ್ಮ ವೈಫೈ ಪಾಸ್‌ವರ್ಡ್ ಎಷ್ಟು ನೆಂಟರಿಗೆ ಕೊಟ್ಟಿದ್ದೀರಿ, ನೆನಪಿದೆಯಾ? ಪಕ್ಕದಲ್ಲೇ ಇಂಟರ್ನೆಟ್‌ನಿಂದ ಎಫ್‌ಟಿಪಿ ಎಂಬ ಆಯ್ಕೆ ಇದ್ದರೆ ಅದು ಆಫ್ ಆಗಿಯೇ ಇರಲಿ. ಅದನ್ನು ಆನ್ ಮಾಡಿದರೆ ನಿಮ್ಮ ಕಪಾಟಿನ ಬಾಗಿಲು ಬೀದಿಗೆ ತೆರೆದುಕೊಳ್ಳುತ್ತದೆ.

ಫೈಲ್ ತೆರೆಯುವುದು

ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ಮೇಲಿನ ಅಡ್ರೆಸ್ ಪಟ್ಟಿಯಲ್ಲಿ \\192.168.0.1 ಎಂದು ಬರೆದು ಎಂಟರ್ ಒತ್ತಿ. ಅಂಕಿ ನಿಮ್ಮ ರೂಟರ್‌ನದ್ದೇ ಆಗಿರಬೇಕು, ಗೆರೆಗಳು ಹಿಂದಕ್ಕೆ ವಾಲಿರಬೇಕು. ಫೋಲ್ಡರ್ ಕಂಡರೆ ರೈಟ್ ಕ್ಲಿಕ್ ಮಾಡಿ ಮ್ಯಾಪ್ ನೆಟ್‌ವರ್ಕ್ ಡ್ರೈವ್ ಆರಿಸಿ. ಮುಂದೆ ಸಿ, ಡಿ ಡ್ರೈವ್‌ಗಳ ಜೊತೆಗೇ ಕಾಣುತ್ತದೆ. ಮ್ಯಾಕ್‌ನಲ್ಲಿ ಫೈಂಡರ್‌ನ ಗೋ ಮೆನುವಿನಲ್ಲಿ ಕನೆಕ್ಟ್ ಟು ಸರ್ವರ್ ಇದೆ. ಐಫೋನ್‌ನಲ್ಲಿ ಫೈಲ್ಸ್ ಆ್ಯಪ್‌ನ ಮೂರು ಚುಕ್ಕಿ ಒತ್ತಿದರೆ ಅದೇ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಹಾಡು, ವಿಡಿಯೊ ಮಾತ್ರ ಬೇಕಿದ್ದರೆ ವಿಎಲ್‌ಸಿ ಆ್ಯಪ್ ಸಾಕು.

ವಿಂಡೋಸ್ ಹಟ ಮಾಡಿದರೆ? ಹಳೆಯ ರೂಟರ್‌ಗಳು ಫೈಲ್ ಹಂಚುವಾಗ ಎಸ್‌ಎಂಬಿ1 ಎಂಬ ಹಳೆಯ ಭಾಷೆಯಲ್ಲೇ ಮಾತಾಡುತ್ತವೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಜಗತ್ತಿನ ತುಂಬ ಹರಡಿದ್ದು ಅದರ ದೋಷವನ್ನೇ ಹಿಡಿದು. ಈಗಿನ ವಿಂಡೋಸ್‌ನಲ್ಲಿ ಅದು ತಾನಾಗಿ ಇನ್‌ಸ್ಟಾಲ್ ಆಗಿರುವುದಿಲ್ಲ. ಅದನ್ನು ಮತ್ತೆ ಆನ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ರೂಟರ್‌ನ ಫರ್ಮ್‌ವೇರ್, ಅಂದರೆ ಅದರೊಳಗಿನ ತಂತ್ರಾಂಶ, ಅಪ್‌ಡೇಟ್ ಮಾಡಿ, ಆಗಲೂ ಆಗದಿದ್ದರೆ ಆ ರೂಟರ್ ಈ ಕೆಲಸಕ್ಕಲ್ಲ. ಫೋನ್‌ಗೆ ಮಾತ್ರ ಕಾಣುತ್ತಿಲ್ಲವಾ? ಅದು ನೆಂಟರಿಗೆಂದು ಬೇರೆ ಇಟ್ಟ ಗೆಸ್ಟ್ ವೈಫೈಗೆ ಸೇರಿಕೊಂಡಿರಬಹುದು, ನೋಡಿ.

ಮೊದಲ ಸಲ ಸಾವಿರಾರು ಫೋಟೊ ತುಂಬಿಸುವುದಿದ್ದರೆ ವೈಫೈ ಮೇಲೆ ಕಾಯಬೇಡಿ. ಡಿಸ್ಕನ್ನು ನೇರ ಲ್ಯಾಪ್‌ಟಾಪ್‌ಗೆ ಹಾಕಿ ತುಂಬಿಸಿ, ಆಮೇಲೆ ರೂಟರ್‌ಗೆ ಸಿಕ್ಕಿಸಿ. ಕೀಳುವಾಗ ರೂಟರ್ ಪುಟದಲ್ಲಿ ಸೇಫ್ ರಿಮೂವ್ ಒತ್ತಿಯೇ ಕೀಳಿ. ಫೈಲ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅದು ಹಾಳಾಗಬಹುದು. ಮನೆಯಲ್ಲಿ ಯುಪಿಎಸ್ ಇದ್ದರೆ ರೂಟರನ್ನೂ ಅದಕ್ಕೇ ಕೊಡಿ. ಮಕ್ಕಳ ಫೋಟೊಗಳು ಈ ಒಂದೇ ಡಿಸ್ಕ್‌ನಲ್ಲಿ ಇರುವುದು ಬೇಡ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಇನ್ನೊಂದಕ್ಕೆ ಕಾಪಿ ಮಾಡಿ, ಅದನ್ನು ಅಜ್ಜಿ ಮನೆಯ ಬೀರುವಿನಲ್ಲಿ ಇಟ್ಟು ಬನ್ನಿ.