ಮಳೆ ನಕ್ಷತ್ರಕ್ಕೊಂದು ಪುಟ: ಕಾನಿನಂಚಿನ ಒಂದೇ ಜಾಗವನ್ನು ನೋಡುತ್ತ ಬಂದ ಅನುಭವ

ಕಾಡು ನೋಡುವುದೆಂದರೆ ಆಗುಂಬೆಗೋ ಕೊಡಚಾದ್ರಿಗೋ ಹೋಗಿಬರುವುದು ಎಂದು ಬಹಳ ಜನರ ಲೆಕ್ಕ. ನಾನು ನೋಡುತ್ತಿರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಹಿಂದೆ, ಅಡಿಕೆ ತೋಟ ಮುಗಿದು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಏರುವಲ್ಲಿ ಇರುವ ಜಾಗವೊಂದನ್ನು. ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲ, ಅಷ್ಟೇ. ಅಲ್ಲಿ ಜಲಪಾತವಿಲ್ಲ, ಕಣಿವೆಯ ನೋಟವಿಲ್ಲ. ಫೋಟೊ ತೆಗೆದು ಕಳಿಸಿದರೆ ನೆಂಟರು ಸುಮ್ಮನೆ ಒಂದು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾರೆ. ಆದರೂ ಕೆಲವು ವರ್ಷಗಳಿಂದ ಅದೇ ಜಾಗದಲ್ಲಿ ಕೂತು, ಕಂಡದ್ದನ್ನು ಬರೆದಿಡುತ್ತ ಬಂದಿದ್ದೇನೆ. ಹೇಗೆ ಮಾಡುತ್ತೀರಿ ಎಂದು ಕೇಳುವವರಿಗೆ ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ.

ಜಾಗ ಆರಿಸುವಾಗ ಚಂದಕ್ಕೆ ಬೆಲೆ ಕೊಡಲಿಲ್ಲ. ಬೇಕಾಗಿದ್ದದ್ದು ದಿನದ ಕೆಲಸದ ದಾರಿಯಲ್ಲೇ ಸಿಗುವ ಜಾಗ. ಕೊಟ್ಟಿಗೆಯ ಕೆಲಸ ಮುಗಿಸಿ ಹಳ್ಳದ ಪಂಪ್ ನೋಡಲು ಹೇಗೂ ಹೋಗಬೇಕು. ಅದಕ್ಕಿಂತ ದೂರದ ಜಾಗವಾಗಿದ್ದರೆ ಆರಿದ್ರೆಯ ಮಳೆಯಲ್ಲಿ ಯಾರು ಹೋಗುತ್ತಾರೆ? ಇನ್ನೊಂದು, ಎರಡು ಬಗೆಯ ಕಾಡು ಸೇರುವ ಅಂಚು ಬೇಕೆನಿಸಿತ್ತು. ನಮ್ಮ ಜಾಗದ ಮೇಲ್ಬದಿ ಎಲೆ ಉದುರಿಸುವ ಬೆಟ್ಟ: ಒಂದು ಹಳೆಯ ಮತ್ತಿ, ಬಿಳಿ ತೊಗಟೆಯ ನಂದಿ, ಒಂದು ಕೌಲು. ಕೆಳಬದಿಯಲ್ಲಿ ಹಳ್ಳದ ತಂಪಿಗೆ ಬೆಳೆದ ಕಾನು, ಅಂದರೆ ನಿತ್ಯಹಸಿರು ಕಾಡು: ಹೆಬ್ಬಲಸು, ಕಾಡು ದಾಲ್ಚಿನ್ನಿ, ಎರಡು ಬಗನಿ. ನಡುವೆ ಕೂರಲು ಒಂದು ಜಂಬಿಟ್ಟಿಗೆ ಕಲ್ಲು, ಅದರ ಪಕ್ಕ ಹುತ್ತ. ದಟ್ಟ ಕಾನಿನ ಒಳಗೆ ಕೂತರೆ ವರ್ಷವಿಡೀ ಒಂದೇ ಹಸಿರು, ಒಂದೇ ನೆರಳು. ಹೊಸಬರಿಗೆ ಬದಲಾವಣೆ ಕಣ್ಣಿಗೆ ಬೀಳುವುದೇ ಕಷ್ಟ. ಅಂಚಿನಲ್ಲಿ ಒಂದು ಬದಿ ಬೋಳಾದಾಗ ಇನ್ನೊಂದು ಬದಿ ಎದ್ದು ಕಾಣುತ್ತದೆ. ಸ್ವಂತ ಬೆಟ್ಟವಿಲ್ಲದವರು ಊರ ದೇವರಕಾಡಿನ ಅಂಚನ್ನೋ ಕೆರೆ ಏರಿಯ ಮರಗಳನ್ನೋ ಆರಿಸಿಕೊಳ್ಳಬಹುದು. ಮೀಸಲು ಅರಣ್ಯಕ್ಕೂ ಅಭಯಾರಣ್ಯಕ್ಕೂ ಅನುಮತಿಯಿಲ್ಲದೆ ನುಗ್ಗುವುದು ಬೇಡ, ಅದರ ಅಗತ್ಯವೂ ಇಲ್ಲ.

ಮುಖ್ಯ ವಿಷಯ ಕಾಲದ ಲೆಕ್ಕದ್ದು. ಇಂಥ ವೀಕ್ಷಣೆಯ ಬಗ್ಗೆ ಓದಿದಾಗೆಲ್ಲ ನಾಲ್ಕು ಋತುಗಳ ಮಾತು ಬರುತ್ತದೆ: ಚಿಗುರುವ ಕಾಲ, ಬೇಸಿಗೆ, ಎಲೆ ಉದುರುವ ಕಾಲ, ಹಿಮ. ಅದು ಹಿಮ ಬೀಳುವ ನಾಡುಗಳಿಗೆ ಸರಿ. ನಮ್ಮಲ್ಲಿ ಜೂನ್ ತಿಂಗಳ ಮೃಗಶಿರ ಮಳೆಗೂ ಆಗಸ್ಟಿನ ಮಘೆಗೂ ನಡುವೆ ಕಾಡು ಐದು ಸಲ ಬೇರೆಯಾಗುತ್ತದೆ. ಅದನ್ನೆಲ್ಲ 'ಮಳೆಗಾಲ' ಎಂಬ ಒಂದೇ ಚೀಲಕ್ಕೆ ತುಂಬುವುದು ಹೇಗೆ? ಚೈತ್ರ, ವೈಶಾಖಗಳನ್ನು ಹಿಡಿದರೂ ತೊಡಕೇ. ಅವು ಚಂದ್ರನ ಲೆಕ್ಕ. ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಸರಿಯುತ್ತವೆ, ನಡುವೆ ಅಧಿಕ ಮಾಸ ಬೇರೆ. ಮಳೆ ನಕ್ಷತ್ರ ಹಾಗಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬ ಲೆಕ್ಕವಾದ್ದರಿಂದ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತದೆ. ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರಾ 22ರ ಹೊತ್ತಿಗೆ, ಸ್ವಾತಿ ಅಕ್ಟೋಬರ್ 24ಕ್ಕೆ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಈ ವರ್ಷವನ್ನು ಆ ವರ್ಷದ ಪಕ್ಕಕ್ಕಿಟ್ಟು ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಮನೆಯ ಗೋಡೆಯ ಮೇಲೆ ಇನ್ನೊಂದಿಲ್ಲ. ಕ್ಯಾಲೆಂಡರಿನಲ್ಲಿ 'ಮಳೆ ನಕ್ಷತ್ರ' ಅಥವಾ 'ಮಹಾನಕ್ಷತ್ರ' ಎಂದು ಅಚ್ಚಾಗಿರುತ್ತದೆ. ದಿನದ ನಕ್ಷತ್ರ ಬೇರೆ, ಅದು ಚಂದ್ರನದು.

ಹೀಗಾಗಿ ನನ್ನದು ಇಪ್ಪತ್ತೇಳು ಪುಟಗಳ ಪುಸ್ತಕ. ಪುಟಕ್ಕೊಂದು ನಕ್ಷತ್ರ. ಈ ವರ್ಷ ಪುಷ್ಯದಲ್ಲಿ ಕಂಡದ್ದನ್ನು ಪುಷ್ಯದ ಪುಟದಲ್ಲಿ ಬರೆಯುತ್ತೇನೆ, ಮುಂದಿನ ವರ್ಷದ ಪುಷ್ಯವನ್ನು ಅದರ ಕೆಳಗೆ ಬೇರೆ ಬಣ್ಣದಲ್ಲಿ. ದಿನಚರಿಯ ಹಾಗೆ ಉದ್ದಕ್ಕೆ ಬರೆದುಕೊಂಡು ಹೋದರೆ ಹಳೆಯದನ್ನು ಯಾರೂ ತಿರುವಿ ನೋಡುವುದಿಲ್ಲ. ಇಲ್ಲಿ ಹಳೆಯ ವರ್ಷ ಕಣ್ಣೆದುರೇ ಇರುತ್ತದೆ. 'ಕಳೆದ ಸಲ ಇಷ್ಟು ಹೊತ್ತಿಗೆ ಮತ್ತಿ ಪೂರ್ತಿ ಚಿಗುರಿತ್ತು, ಈ ಸಲ ಇನ್ನೂ ಮೊಗ್ಗು' ಎಂಬುದು ಬರೆಯುವಾಗಲೇ ಗೊತ್ತಾಗುತ್ತದೆ. ನನ್ನ ಅತ್ತೆಗೆ ಭರಣಿಯಿಂದ ವಿಶಾಖೆಯವರೆಗಿನ ಪುಟಗಳು ಸರಿ ಎನಿಸಿದವು. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ', 'ಆರಿದ್ರೆ ಹುಯ್ದರೆ ಆರು ಮಳೆ ಹುಯ್ಯುತ್ತದೆ' ಎಂದು ಒಂದೊಂದು ಪುಟಕ್ಕೂ ಗಾದೆ ಹೇಳಿದರು. ಮೂಲಾ, ಪೂರ್ವಾಷಾಢದ ಪುಟ ನೋಡಿ ಮಾತ್ರ ನಕ್ಕರು. "ಮೂಲದಲ್ಲಿ ಎಂಥ ಮಳೆ ಮಾರಾಯ್ತಿ? ಅದು ಅಡಿಕೆ ಒಣಗಿಸುವ ಕಾಲ" ಎಂದರು. ನಿಜ, ಬೇಸಾಯಕ್ಕೆ ಬೇಡವಾದ ನಕ್ಷತ್ರಗಳಿಗೆ ಗಾದೆಯೂ ಇಲ್ಲ. ಕಾಡು ಆಗಲೂ ಸುಮ್ಮನಿರುವುದಿಲ್ಲವಲ್ಲ!

ಏನು ಬರೆಯುತ್ತೇನೆ? ಮೊದಲು ನನ್ನ ನಾಲ್ಕು ಮರಗಳು: ಮತ್ತಿ, ನಂದಿ, ಕೌಲು, ಹೆಬ್ಬಲಸು. ಒಂದೊಂದರಲ್ಲೂ ಚಿಗುರು, ಬಲಿತ ಎಲೆ, ಹೂವು, ಕಾಯಿ. 'ಇಲ್ಲ', 'ಸ್ವಲ್ಪ', 'ಬಹಳ' ಎಂಬ ಮೂರೇ ಅಳತೆ. ದೇಶದ ಮರಗಳ ಋತುಮಾನ ದಾಖಲಿಸುವ ಸೀಸನ್‌ವಾಚ್ ಯೋಜನೆಯಲ್ಲೂ ಇದೇ ಬಗೆಯ ಅಳತೆಯಿದೆ. ಕಣ್ಣಂದಾಜಿಗೆ ಇದಕ್ಕಿಂತ ಸೂಕ್ಷ್ಮ ಬೇಡ. ಆಮೇಲೆ ನೆಲ, ಹಳ್ಳ, ಕೂತ ಮೊದಲ ಐದು ನಿಮಿಷದಲ್ಲಿ ಕೇಳಿದ ಕೂಗುಗಳು. ಕೊನೆಗೆ ಕಲ್ಲಿನ ಮೇಲೆ ನಿಂತು ಒಂದೇ ದಿಕ್ಕಿಗೆ ಮೊಬೈಲಿನಲ್ಲಿ ಒಂದು ಫೋಟೊ. ಹಕ್ಕಿ ಕೂಗು ಗುರುತಿಸುವ ಆ್ಯಪ್‌ಗಳಿವೆ, ಕೆಟ್ಟವೇನಲ್ಲ. ಆದರೆ ಕಣ್ಣು ಪರದೆಗೆ ಅಂಟಿದರೆ ಎದುರಿಗಿದ್ದ ಕೆಂದಳಿಲು ಕಾಣದೇ ಹೋಗುತ್ತದೆ. ನಾನು ಕೂಗನ್ನು ರೆಕಾರ್ಡ್ ಮಾಡಿ ತಂದು ಮನೆಯಲ್ಲಿ ಕೇಳಿಸಿಕೊಳ್ಳುತ್ತೇನೆ.

ಬೇಸಿಗೆಯ ಪುಟಗಳು ಎಲ್ಲಕ್ಕಿಂತ ದಟ್ಟವಾಗಿ ತುಂಬುತ್ತವೆ ಎಂಬುದು ನನಗೆ ಮೊದಲು ಬಂದ ಅಚ್ಚರಿ. ಧನಿಷ್ಠೆ, ಶತಭಿಷೆಯ ಹೊತ್ತಿಗೆ, ಅಂದರೆ ಫೆಬ್ರವರಿಯಲ್ಲಿ, ಕೌಲಿನ ಎಲೆ ಕೆಂಪಾಗಿ ಉದುರುತ್ತಿರುತ್ತದೆ. ಅದೇ ದಿನಗಳಲ್ಲಿ ಕೆಳಗಿನ ದಾಲ್ಚಿನ್ನಿಯೂ ಕೆಂಪು. ದೂರಕ್ಕೆ ಎರಡೂ ಒಂದೇ. ಹತ್ತಿರ ಹೋದರೆ ಕೌಲಿನದು ಸಾಯುವ ಎಲೆ, ದಾಲ್ಚಿನ್ನಿಯದು ಆಗ ತಾನೇ ಹುಟ್ಟಿದ್ದು, ಬೆರಳಿಗೆ ಮೆತ್ತಗೆ. ಎಳೆ ಎಲೆಯಲ್ಲಿ ಹಸಿರು ತುಂಬುವ ಮೊದಲು ಆಂಥೋಸಯಾನಿನ್ ಎಂಬ ಕೆಂಪು ಬಣ್ಣ ಮುಂದಿರುತ್ತದೆ. ನಿತ್ಯಹಸಿರು ಎಂದು ಕರೆದ ಮಾತ್ರಕ್ಕೆ ಕಾನು ಎಲೆ ಉದುರಿಸುವುದಿಲ್ಲ ಎಂದಲ್ಲ. ಹಳೆಯದನ್ನು ಬಿಡುತ್ತಲೇ ಹೊಸದನ್ನು ಹೊರಡಿಸುವುದರಿಂದ ಬೋಳಾಗುವುದಿಲ್ಲ, ಅಷ್ಟೇ. ಮತ್ತಿ ಮಾತ್ರ ಮಾರ್ಚಿಗೆ ಪೂರ್ತಿ ಬೋಳು. ಆಗ ಕಲ್ಲಿನ ಮೇಲೆ ಬಿಸಿಲು ನೇರ ಬಿದ್ದು ಕೂರಲಾಗುವುದಿಲ್ಲ. ಕೌಲಿನ ಹೂವು ರಾತ್ರಿ ಅರಳಿ ಬೆಳಿಗ್ಗೆ ಉದುರುವುದರಿಂದ ಅದನ್ನು ನೋಡಬೇಕೆಂದರೆ ರೇವತಿ, ಅಶ್ವಿನಿಯಲ್ಲಿ ಹಾಲು ಕರೆಯುವುದಕ್ಕಿಂತ ಮುಂಚೆ ಹೋಗಬೇಕು. ತಡವಾದರೆ ನೆಲದಲ್ಲಿ ಬಿಳಿ ಕೇಸರಗಳ ಗೊಂಚಲು, ಮೇಲೆ ಇರುವೆ.

ಮಳೆ ಇನ್ನೂ ಹಿಡಿದಿರುವುದಿಲ್ಲ, ಮತ್ತಿ ಅಷ್ಟರಲ್ಲಿ ಚಿಗುರಿ ನಿಂತಿರುತ್ತದೆ. ನೀರು ಬಂದ ಮೇಲೆ ಚಿಗುರುತ್ತದೆ ಎಂದು ನಾವೆಲ್ಲ ಅಂದುಕೊಂಡದ್ದು. ಪುಸ್ತಕದಲ್ಲಿ ಯಾವ ವರ್ಷವೂ ಅದು ಮೃಗಶಿರಕ್ಕೆ ಕಾದಿಲ್ಲ. ಮೇ ತಿಂಗಳ ಕೃತ್ತಿಕೆಯಲ್ಲಿ ಗುಡುಗಿನ ಮಳೆ ಎರಡು ಬಿದ್ದರೆ ಹುತ್ತದಿಂದ ರೆಕ್ಕೆ ಗೆದ್ದಲು ಏಳುತ್ತದೆ, ಸಂಜೆ ಹಳ್ಳದ ಬದಿಗೆ ಮಿಂಚುಹುಳು. ರೋಹಿಣಿಯ ಸುಮಾರಿಗೆ ನಂದಿಯ ಕೊಂಬೆಯಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂಗೊಂಚಲು ಇಳಿಬಿದ್ದಿರುತ್ತದೆ. ನಾನು ಕಾಯುವುದು ಮಾತ್ರ ಮರದ ಮೇಲೆ ಬೆಳೆಯುವ ಕೆಸುವಿಗೆ, ಮರಗೆಸುವಿಗೆ. ವರ್ಷದ ಅರ್ಧ ಮತ್ತಿಯ ಕವಲಿನಲ್ಲಿ ಏನೂ ಇರುವುದಿಲ್ಲ, ಅಲ್ಲೊಂದು ಗಡ್ಡೆ ಇದೆ ಎಂಬುದಕ್ಕೆ ಗುರುತೂ ಇಲ್ಲ. ಮಳೆ ಹಿಡಿದದ್ದೇ ಎಲೆ ಹೊರಡುತ್ತದೆ. ಅದು ಅಂಗೈಯಗಲವಾದ ತಾರೀಖನ್ನು ಬರೆದುಕೊಳ್ಳುವ ನನ್ನ ಉತ್ಸಾಹದಲ್ಲಿ ವಿಜ್ಞಾನದ ಜೊತೆಗೆ ಅದರ ಎಲೆಯಿಂದ ಮಾಡುವ ಪತ್ರೊಡೆಯ ಪಾಲೂ ಇದೆ.

ಆರಿದ್ರೆಯಿಂದ ಆಶ್ಲೇಷದವರೆಗೆ ಮೇಲೆ ನೋಡಲು ಏನೂ ಇಲ್ಲ. ಕೊಡೆ ಮತ್ತು ಮೋಡ. ಆಗ ಕಾಂಡ ನೋಡುವುದನ್ನು ಕಲಿತೆ. ನಂದಿಯ ತೊಗಟೆ ನುಣುಪು. ಜೋರು ಮಳೆ ಶುರುವಾದ ಸ್ವಲ್ಪ ಹೊತ್ತಿಗೇ ನೀರು ಹಾಳೆಯಾಗಿ ಇಳಿದು ಬುಡದಲ್ಲಿ ಬಿಳಿ ನೊರೆ ಕಟ್ಟುತ್ತದೆ. ಪಕ್ಕದ ಮತ್ತಿಯ ತೊಗಟೆ ಆಳವಾಗಿ ಬಿರಿದದ್ದು. ಅದು ಮೊದಲು ಕುಡಿಯುತ್ತದೆ, ತೊಗಟೆ ಕಪ್ಪಾಗುತ್ತದೆ, ಬುಡಕ್ಕೆ ನೀರು ಬರುವುದು ಎಷ್ಟೋ ಹೊತ್ತಿನ ಮೇಲೆ. ಹೀಗಾಗಿ ಪಾಚಿ, ಜರಿಗಿಡ, ಸೀತಾಳೆ, ಮರಗೆಸು ಇವೆಲ್ಲ ಯಾವ ಮರದಲ್ಲಿ ಎಲ್ಲಿ ಕೂರುತ್ತವೆ ಎಂದು ಲಕ್ಷ್ಯ ಕೊಟ್ಟು ನೋಡತೊಡಗಿದೆ. ನಂದಿಯಲ್ಲಿ ಕವಲುಗಳಲ್ಲಷ್ಟೇ, ಮತ್ತಿಯಲ್ಲಿ ಕಾಂಡದುದ್ದಕ್ಕೂ. ಮಳೆ ಬಿಟ್ಟರೂ ಮರದ ಹನಿ ಬಿಡದು ಎನ್ನುತ್ತಾರಲ್ಲ, ಅದನ್ನೂ ಗಡಿಯಾರ ಹಿಡಿದು ನೋಡಿದ್ದೇನೆ. ಕಾನಿನ ಬದಿಯಲ್ಲಿ ಹನಿ ನಿಲ್ಲುವುದು ಬೆಟ್ಟದ ಬದಿಗಿಂತ ಯಾವಾಗಲೂ ತಡ.

ಇನ್ನು ದರಗಿನ, ಅಂದರೆ ಉದುರಿದ ಒಣ ಎಲೆಯ ಕಥೆ. ಬೇಸಿಗೆಯಲ್ಲಿ ಬೆಟ್ಟದ ಒಣ ಎಲೆಯನ್ನು ಗುಡಿಸಿ ಕೊಟ್ಟಿಗೆಗೆ ಹಾಸಲು ತರುವುದು ನಮ್ಮ ಮನೆಯ ಕ್ರಮ. ಅದೇ ಗೊಬ್ಬರವಾಗಿ ಅಡಿಕೆಗೆ ಹೋಗುತ್ತದೆ. ನನ್ನ ಜಾಗವನ್ನು ಪೂರ್ತಿ ಬಿಡಿ ಎಂದರೆ ಮನೆಯಲ್ಲಿ ಒಪ್ಪುವವರಿರಲಿಲ್ಲ. ದರಗು ತರಲು ಬರುವ ಹೆಂಗಸಿಗೆ ಒಂದು ಮಾರು ಉದ್ದ, ಒಂದು ಮಾರು ಅಗಲ ಬಿಟ್ಟು ಗುಡಿಸಿ ಎಂದೆ. "ಅಷ್ಟರಲ್ಲಿ ಏನಿದೆ ಅಮ್ಮಾ, ಹಾವು ಕೂರುತ್ತದೆ" ಎಂದರೂ ನಾಲ್ಕು ಮೂಲೆಗೆ ಕೋಲು ನೆಟ್ಟು ಬಿಟ್ಟುಕೊಟ್ಟರು. ಈ ಚೌಕವೇ ಈಗ ನನ್ನ ಪುಸ್ತಕದ ಅರ್ಧ ಪುಟ ತಿನ್ನುತ್ತದೆ. ಮಾರ್ಚಿನಲ್ಲಿ ಅಲ್ಲಿ ಎಲೆಯ ಹಾಸು ಗೇಣು ದಪ್ಪ. ಗುಡಿಸಿದ ನೆಲದಲ್ಲಿ ಮೊದಲ ಮಳೆಯ ಹನಿ ಮಣ್ಣನ್ನು ಸಿಡಿಸಿ ಮರದ ಬುಡಕ್ಕೆ ಕೆಂಪು ಬಳಿಯುತ್ತದೆ, ಚೌಕದೊಳಗೆ ಸಿಡಿತವಿಲ್ಲ. ಪುನರ್ವಸುವಿಗೆ ಮೇಲಿನ ಎಲೆ ಎತ್ತಿದರೆ ಕೆಳಗೆ ಬಿಳಿ ನೂಲಿನಂತೆ ಶಿಲೀಂಧ್ರ, ಅದರ ಕೆಳಗೆ ನರವಷ್ಟೇ ಉಳಿದ ಎಲೆಗಳು. ಮಘೆ, ಹುಬ್ಬೆಯ ಬಿಡುವಿನಲ್ಲಿ ಬಗೆಬಗೆಯ ಸಣ್ಣ ಅಣಬೆ. ಹಸ್ತದ ಹೊತ್ತಿಗೆ ಆ ಗೇಣು ತೆಳುವಾಗಿ, ಮತ್ತಿಯ ದಪ್ಪ ಎಲೆಗಳಷ್ಟೇ ಉಳಿದಿರುತ್ತವೆ. ಸ್ವಾತಿಯಲ್ಲಿ ನವರಂಗ ಬರುತ್ತದೆ, ಉತ್ತರದಿಂದ ಚಳಿಗಾಲ ಕಳೆಯಲು ಬರುವ ಹಕ್ಕಿ. ಮುಂಜಾನೆ, ಮುಸ್ಸಂಜೆ ಎರಡು ಸ್ವರದ ಸಿಳ್ಳು ಕೇಳಿದರೆ ಅದು ಬಂದಿದೆ ಎಂದು ಅರ್ಥ. ನಾನು ಅದನ್ನು ಕಣ್ಣಾರೆ ಕಂಡದ್ದು ಪ್ರತಿ ಸಲವೂ ಚೌಕದಲ್ಲಿ ಅಥವಾ ಕಾನಿನ ಬದಿಯಲ್ಲಿ, ಕೊಕ್ಕಿನಿಂದ ಎಲೆ ಮಗುಚುತ್ತ. ಗುಡಿಸಿದ ನೆಲದಲ್ಲಿ ಅದಕ್ಕೆ ಮಗುಚಲು ಏನಿದೆ?

ಹೆದರಿಕೆಯ ವಿಷಯದಲ್ಲಿ ಜನ ತಲೆಕೆಳಗಾಗಿ ಯೋಚಿಸುತ್ತಾರೆ. ಮಳೆಗಾಲದಲ್ಲಿ ಉಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಿ ಕಾಡಿಗೆ ಬರುವುದಿಲ್ಲ, ನೆಲ ಒಣಗಿದ ಮೇಲೆ ಬರಿಗಾಲಲ್ಲಿ ತಿರುಗುತ್ತಾರೆ. ಉಂಬಳ ರಕ್ತ ಕುಡಿದು ಬಿಟ್ಟುಹೋಗುತ್ತದೆ. ಸುಣ್ಣ, ಹೊಗೆಸೊಪ್ಪು ಸವರಿಕೊಂಡರೆ ಸಾಕು. ಅಪಾಯ ಇರುವುದು ಒಣ ದಿನಗಳಲ್ಲಿ. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವ ಎಳೆಯ ಉಣುಗುಗಳ (ಉಣ್ಣೆಗಳ) ಕಾಟ ನವೆಂಬರ್–ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅವು ಇರುವುದೂ ಈ ದರಗಿನಲ್ಲೇ. ನವೆಂಬರಿನ ಅನೂರಾಧೆಯಿಂದ ಮುಂದೆ ನಾನು ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಇಲ್ಲದೆ ಹೋಗುವುದಿಲ್ಲ. ನೆಲದಲ್ಲಿ ಕೂರುವುದಿಲ್ಲ, ಚೌಕದ ಎಲೆಯನ್ನು ಕೋಲಿನಲ್ಲೇ ಸರಿಸುತ್ತೇನೆ. ಮನೆಗೆ ಬಂದು ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ. ಸುತ್ತಮುತ್ತ ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಅಂಥ ವರ್ಷ ಆ ಪುಟ ಖಾಲಿ ಬಿಡುವುದೇ ಸರಿ. ದರಗಿನ ಜೊತೆ ಉಣುಗು ಕೊಟ್ಟಿಗೆಗೂ ಬರುತ್ತದೆ ಎಂಬುದನ್ನು ಮನೆಯವರೆಲ್ಲರಿಗೂ ಹೇಳಿಡಬೇಕು.

ಮಳೆಯಲ್ಲಿ ಪೆನ್ನು ಕೆಲಸಕ್ಕೆ ಬಾರದು. ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಚೀಟಿಗೆ ಗೀಚಿಕೊಂಡು, ಮನೆಗೆ ಬಂದು ಪುಸ್ತಕಕ್ಕೆ ಬಣ್ಣದ ಪೆನ್ನಿನಲ್ಲಿ ಏರಿಸುತ್ತೇನೆ. ಪುಸ್ತಕವನ್ನು ಆಷಾಢದಲ್ಲಿ ಬೂಸಲು ಹಿಡಿಯದಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲೇ ಅದರ ಜಾಗ.

ಶಿವಮೊಗ್ಗ ಪೇಟೆಯಲ್ಲಿರುವ ನನ್ನ ತಂಗಿ ಇದನ್ನು ರಸ್ತೆ ಬದಿಯ ಒಂದು ಹೊಂಗೆ ಮರದಲ್ಲಿ ಮಾಡುತ್ತಿದ್ದಾಳೆ. ಅವಳ ಕಡೆ ನಮ್ಮ ಮಳೆಯ ಅರ್ಧದಷ್ಟೂ ಬೀಳುವುದಿಲ್ಲ. ಆರಿದ್ರೆಯ ದಿನ ಇಬ್ಬರೂ ಫೋನಿನಲ್ಲಿ ಪುಟ ಓದಿಕೊಂಡರೆ ಒಂದೇ ಜಿಲ್ಲೆಯ ಮಾತು ಎನಿಸುವುದಿಲ್ಲ. ಯಾವಾಗ ಶುರುಮಾಡಲಿ ಎಂದು ಅವಳು ಕೇಳಿದಾಗ ಯುಗಾದಿ ಬೇಡ, ಹಸ್ತದಲ್ಲಿ ಮಾಡು ಎಂದಿದ್ದೆ. ಸೆಪ್ಟೆಂಬರ್ 27ರ ಸುಮಾರಿಗೆ. ಆಗ ಮಳೆ ಇಳಿಮುಖ, ಉಂಬಳ ಕಡಿಮೆ, ಎಳೆಯ ಉಣುಗುಗಳ ಕಾಲ ಇನ್ನೂ ಬಂದಿರುವುದಿಲ್ಲ. ಎಲ್ಲ ಮರದಲ್ಲೂ ಬಲಿತ ಎಲೆ ಇರುವುದರಿಂದ ಹೆಸರು ತಿಳಿದವರನ್ನು ಒಂದು ಸಲ ಕರೆದೊಯ್ದು ಕೇಳಿ, ಮರಕ್ಕೊಂದು ಗುರುತು ಹಾಕಿಬಿಡಬಹುದು. ಬೋಳು ಕೊಂಬೆ ತೋರಿಸಿ ಇದು ಯಾವ ಮರ ಎಂದರೆ ನಮ್ಮ ಅತ್ತೆಯೂ ತೊಗಟೆ ಕೆರೆದು ಮೂಸಿ ನೋಡದೆ ಹೇಳುವುದಿಲ್ಲ.