ಕಟ್ಟಿಗೆ ಸೀಳುವ ಯಂತ್ರವನ್ನು ನಮ್ಮ ಮಳೆಗೆ, ನಮ್ಮ ಮರಕ್ಕೆ ಒಗ್ಗಿಸಿದ್ದು

ಅಡಿಕೆ ಬೇಯಿಸುವ ಒಲೆಗೆ ನವೆಂಬರಿನಲ್ಲಿ ಬೆಂಕಿ ಬಿತ್ತೆಂದರೆ ಕೊನೆಯ ಕೊಯ್ಲು ಮುಗಿಯುವ ತನಕ ಅದಕ್ಕೆ ಕಟ್ಟಿಗೆ ಒದಗಿಸುತ್ತಲೇ ಇರಬೇಕು. ಬಚ್ಚಲ ಹಂಡೆಯ ಒಲೆಯಂತೂ ವರ್ಷವಿಡೀ ಉರಿಯುತ್ತದೆ. ಅಪ್ಪನ ಕಾಲದಲ್ಲಿ ಇಬ್ಬರು ಆಳು ಕೊಡಲಿ, ಬೆಣೆ, ಸುತ್ತಿಗೆ ಹಿಡಿದು ಬೇಸಿಗೆಯಲ್ಲಿ ಹದಿನೈದು ದಿನ ನಿಂತರೆ ಕಟ್ಟಿಗೆ ಕೊಟ್ಟಿಗೆ ಮಾಡಿನವರೆಗೆ ತುಂಬುತ್ತಿತ್ತು. ಈಗ ತೀರ್ಥಹಳ್ಳಿ ಕಡೆ ಅಡಿಕೆ ಕೊನೆ ಕೊಯ್ಯುವವರೇ ಸಿಗುವುದಿಲ್ಲ, ಕೊಡಲಿ ಹಿಡಿಯುವವರನ್ನು ಎಲ್ಲಿಂದ ತರುವುದು? ಎರಡು ವರ್ಷ ನಾನೇ ಒಡೆದೆ, ಬಲ ಭುಜ ಕೈಕೊಟ್ಟಿತು. ಹಾಗಾಗಿ ಪೆಟ್ರೋಲ್ ಎಂಜಿನ್ನಿನ ಹೈಡ್ರಾಲಿಕ್ ಯಂತ್ರವೊಂದನ್ನು ಕೊಂಡು ತಂದೆ. ಎಂಜಿನ್ ಪಂಪನ್ನು ತಿರುಗಿಸುತ್ತದೆ, ಪಂಪು ಟ್ಯಾಂಕಿನ ಎಣ್ಣೆಯನ್ನು ಸಿಲಿಂಡರಿಗೆ ದೂಡುತ್ತದೆ, ಸಿಲಿಂಡರಿನಿಂದ ಹೊರಬರುವ ಉಕ್ಕಿನ ರಾಡ್ ಮರವನ್ನು ಬೆಣೆಗೆ ಒತ್ತಿ ಸೀಳುತ್ತದೆ. ಐದು ವರ್ಷವಾಯಿತು. ಅಂಗಡಿಯಿಂದ ಬಂದಾಗ ಇದ್ದ ಯಂತ್ರಕ್ಕೂ ಇವತ್ತು ಅಂಗಳದಲ್ಲಿ ನಿಂತಿರುವುದಕ್ಕೂ ಬಹಳ ವ್ಯತ್ಯಾಸವಿದೆ.

ಇಂಥ ಯಂತ್ರಗಳ ಲೆಕ್ಕಾಚಾರ ಹೆಚ್ಚಾಗಿ ಚಳಿ ದೇಶದ ನೇರ ಎಳೆಯ ಮರಕ್ಕೆ ಮಾಡಿದ್ದು. ನಮ್ಮಲ್ಲಿ ಸಿಗುವುದು ಗಂಟುಗಂಟಾದ ಅಕೇಶಿಯಾ, ಬಿದ್ದ ಹಲಸಿನ ಬೊಡ್ಡೆ, ಮಾವು. ಇದರ ಮೇಲೆ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ಇಲ್ಲಿಂದ ಸ್ವಲ್ಪವೇ ದೂರದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಯಂತ್ರದ ಜೊತೆ ಕೊಟ್ಟ ಪುಸ್ತಕದಲ್ಲಿ ಮಳೆಯ ಬಗ್ಗೆ ಒಂದೇ ಸಾಲಿತ್ತು: ಒಣ ಜಾಗದಲ್ಲಿಡಿ.

ಮೊದಲ ವಾರವೇ ಸೊಂಟ ಹಿಡಿದುಕೊಂಡಿತು. ಮರ ಇಡುವ ತೊಲೆ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿತ್ತು. ಬಗ್ಗಿ ತುಂಡು ಇಡಬೇಕು, ಸೀಳಿದ ಮೇಲೆ ಎರಡು ಹೋಳೂ ಎರಡು ಬದಿಗೆ ಬೀಳುತ್ತವೆ, ಮತ್ತೆ ಬಗ್ಗಿ ಎತ್ತಿ ಇನ್ನೊಮ್ಮೆ ಸೀಳಬೇಕು. ಒಂದು ದಿನ ಹಸಿ ಮಾವಿನ ಅರೆಹೋಳು ಕಾಲಿನ ಮೇಲೆ ಬಿದ್ದು ಹೆಬ್ಬೆರಳಿನ ಉಗುರು ಹೋಯಿತು. ಹಾಗಾಗಿ ಮೊದಲು ಕೈಹಾಕಿದ್ದು ಎತ್ತರಕ್ಕೆ. ಪೇಟೆಯ ವೆಲ್ಡಿಂಗ್ ಶಾಪಿಗೆ ಒಯ್ದು ಇಡೀ ಚೌಕಟ್ಟನ್ನು ಎರಡೂವರೆ ಅಡಿಗೆ ಎತ್ತರಿಸಿದೆ, ಚಕ್ರಗಳನ್ನು ಎರಡೂ ಬದಿಗೆ ಅರ್ಧರ್ಧ ಅಡಿ ಹೊರಗೆ ಸರಿಸಿದೆ. ಎತ್ತರ ಮಾಡಿ ಅಗಲ ಮಾಡದಿದ್ದರೆ ದಪ್ಪ ಬೊಡ್ಡೆ ಇಟ್ಟ ಗಳಿಗೆಯಲ್ಲೇ ಮಗುಚುತ್ತದೆ. ತೊಲೆಯನ್ನಷ್ಟೇ ಎತ್ತಿ ಎಣ್ಣೆ ಟ್ಯಾಂಕನ್ನು ಕೆಳಗೇ ಬಿಡುವ ಯೋಚನೆಯನ್ನೂ ಯಾರೂ ಮಾಡಬೇಡಿ. ಟ್ಯಾಂಕಿನ ಎಣ್ಣೆ ಮಟ್ಟ ಪಂಪಿಗಿಂತ ಮೇಲಿರಬೇಕು, ಎಣ್ಣೆ ತಾನಾಗಿ ಪಂಪಿಗೆ ಇಳಿದು ಬರಬೇಕು.

ಎರಡೂ ಬದಿಗೆ 40 ಮಿಮೀ ಆಂಗಲ್ ಮತ್ತು ಚೆಕ್ಕರ್ ಪ್ಲೇಟಿನ ರೆಕ್ಕೆ ಹಾಕಿಸಿದೆ. ಈಗ ಹೋಳು ಅಲ್ಲೇ ಕೂರುತ್ತದೆ. ನನ್ನನ್ನು ಕೇಳಿದರೆ, ಈ ಯಂತ್ರಕ್ಕೆ ಒಂದೇ ಒಂದು ಬದಲಾವಣೆ ಮಾಡುವಷ್ಟು ದುಡ್ಡಿದ್ದರೆ ಈ ರೆಕ್ಕೆಗೇ ಹಾಕಿ.

ವೆಲ್ಡಿಂಗ್ ಶುರುಮಾಡುವ ಮೊದಲು ಅಲ್ಲಿಯ ಹಿರಿಯ ಮೇಸ್ತ್ರಿ ಕೇಳಿದ್ದರು, "ಗೌಡ್ರೇ, ಸಿಲಿಂಡರ್ ಬಿಚ್ಚಿ ತಂದಿದೀರಾ?" "ಇಲ್ಲ, ಅದ್ಯಾಕೆ?" ಅಂದೆ. "ಅರ್ತಿಂಗ್ ಎಲ್ಲೋ ಹಾಕಿ ಬೆಸುಗೆ ಇಟ್ರೆ ಕರೆಂಟು ರಾಡ್ ಮೂಲಕ ಹರಿಯುತ್ತೆ. ಕ್ರೋಮ್ ಮೇಲೆ ಚುಕ್ಕೆ ಏಳುತ್ತೆ, ಆಮೇಲೆ ಎಣ್ಣೆ ತಡೆಯೋ ಸೀಲ್ ನಿಲ್ಲಲ್ಲ." ಅವರ ಮಾತಿನಂತೆ ಸಿಲಿಂಡರ್ ಬಿಚ್ಚಿಟ್ಟು, ಅರ್ತಿಂಗ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ ಕೆಲಸ ಮಾಡಿದೆವು. ರಾಡಿನ ಮೇಲಿನ ಒಂದು ಚುಕ್ಕೆ ಎಷ್ಟು ದುಬಾರಿ ಎಂಬುದು ನನಗೆ ಅರ್ಥವಾಗಿದ್ದು ಮುಂದಿನ ಮಳೆಗಾಲದಲ್ಲಿ.

ಆಮೇಲೆ ಬೆಣೆ. ಒಂದೇ ಏಟಿಗೆ ನಾಲ್ಕು ಹೋಳಾಗಲಿ ಎಂದು ಅಡ್ಡ ರೆಕ್ಕೆಯ ತೊಡಿಕೆಯೊಂದನ್ನು ಮಾಡಿಸಿ ಮೂಲ ಬೆಣೆಗೆ ತೊಡಿಸಿದೆ. ಸಿಲ್ವರ್ ಓಕ್ ಹಾಕಿದರೆ ಹೂವಿನಂತೆ ಬಿರಿಯಿತು. ಅಕೇಶಿಯಾದ ಗಂಟು ಬಂದಾಗ ಎಂಜಿನ್ ನರಳಿತು, ಮರ ನಡುವಲ್ಲೇ ಕಚ್ಚಿಕೊಂಡಿತು, ಅಡ್ಡ ರೆಕ್ಕೆ ಬಾಗಿತು. ತಪ್ಪಿದ್ದದ್ದು ಅಡ್ಡ ರೆಕ್ಕೆ ಇಟ್ಟ ಜಾಗದಲ್ಲಿ. ಅದರ ಬಾಯಿ ಮೂಲ ಬೆಣೆಯ ಬಾಯಿಗೆ ಸಮವಾಗಿತ್ತು, ಹಾಗಾಗಿ ನಾಲ್ಕೂ ಸೀಳಿನ ಭಾರ ಒಂದೇ ಕ್ಷಣಕ್ಕೆ ಬೀಳುತ್ತಿತ್ತು. ಎರಡನೆಯ ಸಲ ಅಡ್ಡ ರೆಕ್ಕೆಯನ್ನು ಎರಡು ಇಂಚು ಹಿಂದಕ್ಕೆ ಇರಿಸಿದೆ. ಮೊದಲು ಮರ ಎರಡಾಗಿ ಬಾಯಿಬಿಡುತ್ತದೆ, ಒತ್ತಡ ಇಳಿಯುತ್ತದೆ, ಆಮೇಲೆ ಅಡ್ಡ ಸೀಳು. ಈಗಲೂ ಗಂಟಿನ ತುಂಡಿಗೆ ತೊಡಿಕೆ ತೆಗೆದಿಡುತ್ತೇನೆ. ಬೊಡ್ಡೆಯನ್ನು ನಡುವಿನಿಂದ ಸೀಳುವುದಿಲ್ಲ, ಅಂಚಿನಿಂದ ಹೋಳು ಹೋಳಾಗಿ ಸುಲಿಯುತ್ತಾ ಬರುತ್ತೇನೆ. ಕೊಡಲಿಯವರೂ ಹಾಗೇ ಮಾಡುತ್ತಿದ್ದರು.

ಯಂತ್ರದ ಮೇಲೆ 20 ಟನ್ ಎಂಬ ಚೀಟಿ ಇತ್ತು. ಹಲಸಿನ ಮುಂದೆ ಅದು ಸೋಲುವುದನ್ನು ನೋಡಿ ಅನುಮಾನ ಬಂತು. 250 ಬಾರ್ ತನಕ ಎಣ್ಣೆಯ ಒತ್ತಡ ತೋರಿಸುವ, ಗ್ಲಿಸರಿನ್ ತುಂಬಿದ ಗೇಜೊಂದನ್ನು ತಂದು ಪಂಪಿಗೂ ವಾಲ್ವಿಗೂ ನಡುವೆ ಕೂರಿಸಿದೆ. ಲೆಕ್ಕ ಕಷ್ಟದ್ದಲ್ಲ. ನನ್ನ ಸಿಲಿಂಡರಿನ ಒಳವ್ಯಾಸ 100 ಮಿಮೀ, ಅಂದರೆ ಪಿಸ್ಟನ್ನಿನ ಮುಖ 78.5 ಚದರ ಸೆಂಟಿಮೀಟರ್. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಭಾರ. ಪಂಪಿನ ಗರಿಷ್ಠ ಒತ್ತಡ 175 ಬಾರ್ ಎಂದು ಅದರ ಮೈಮೇಲೇ ಬರೆದಿದೆ. ಗುಣಿಸಿದರೆ ಸುಮಾರು 14 ಟನ್. ಇಪ್ಪತ್ತು ಬರಬೇಕಾದರೆ 250 ಬಾರ್ ಬೇಕು, ಆ ಪಂಪು ಅದನ್ನು ತಡೆಯುವುದಿಲ್ಲ. ರಾಡ್ ಕೊನೆ ಮುಟ್ಟಿದಾಗ ಗೇಜ್ ತೋರಿಸಿದ್ದು 130 ಮಾತ್ರ, ಹತ್ತು ಟನ್ ಚಿಲ್ಲರೆ. ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ಬಿಟ್ಟುಬಿಡುವ ರಿಲೀಫ್ ವಾಲ್ವಿನ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ, ಪ್ರತಿಸಲ ಗೇಜ್ ನೋಡುತ್ತಾ, 165ಕ್ಕೆ ನಿಲ್ಲಿಸಿದೆ. ಅಲ್ಲಿಂದ ಮೇಲೆ ಹೋಗಿಲ್ಲ, ಹೋಗುವುದೂ ಇಲ್ಲ. ಗೇಜ್ ಇಲ್ಲದೆ ಆ ಸ್ಕ್ರೂ ಮುಟ್ಟುವುದೆಂದರೆ ಕಣ್ಣುಕಟ್ಟಿಕೊಂಡು ಬಾವಿಕಟ್ಟೆಯ ಮೇಲೆ ನಡೆದ ಹಾಗೆ.

ಗೇಜ್ ಬಂದ ಮೇಲೆ ಪಂಪಿನ ಮಾತೂ ತಿಳಿಯತೊಡಗಿತು. ಇದರಲ್ಲಿರುವುದು ಎರಡು ಹಂತದ ಗೇರ್ ಪಂಪು. ಮರ ಮುಟ್ಟುವ ತನಕ ದೊಡ್ಡ ಗೇರು, ಸಣ್ಣ ಗೇರು ಎರಡೂ ಎಣ್ಣೆ ದೂಡುತ್ತವೆ, ರಾಡ್ ಓಡುತ್ತದೆ. ಒತ್ತಡ 40 ಬಾರ್ ಸುಮಾರಿಗೆ ಏರಿದಾಗ ದೊಡ್ಡ ಗೇರಿನ ಎಣ್ಣೆ ಹಿಂದಕ್ಕೆ ತಿರುಗಿ, ಸಣ್ಣದೊಂದೇ ನಿಧಾನವಾಗಿ ಆದರೆ ಬಲವಾಗಿ ದೂಡುತ್ತದೆ. ಎಂಜಿನ್ನಿನ ಸದ್ದು ಅಲ್ಲಿ ಕೊಂಚ ತಗ್ಗಿ ದಪ್ಪವಾಗುತ್ತದೆ. ಆ ಬದಲಾವಣೆ ಕೇಳಿಸದೆ ರಾಡ್ ನಿಂತೇಬಿಟ್ಟರೆ ಎಣ್ಣೆಯೋ ವಾಲ್ವೋ ಕೆಟ್ಟಿದೆ ಎಂದು ಅರ್ಥ.

ಈಗ ಮಳೆಯ ಕತೆ. ಮೊದಲ ವರ್ಷ ಮೇ ಕೊನೆಗೆ ಕೆಲಸ ಮುಗಿಸಿ, ರಾಡ್ ಅರ್ಧ ಹೊರಗಿದ್ದಂತೆಯೇ ಬಿಟ್ಟು, ಟಾರ್ಪಾಲಿನಿಂದ ಬಿಗಿಯಾಗಿ ಸುತ್ತಿ ಕಟ್ಟಿದೆ. ಕಾಪಾಡಿದೆ ಎಂದೇ ನಂಬಿದ್ದೆ. ಅಕ್ಟೋಬರಿನಲ್ಲಿ ಬಿಚ್ಚಿದಾಗ ಟಾರ್ಪಾಲಿನ ಒಳಮೈ ಬೆವರಿ ತೊಟ್ಟಿಕ್ಕುತ್ತಿತ್ತು. ರಾಡಿನ ಮೇಲೆ ಕಂದು ಕಲೆಗಳು. ಒರೆಸಿದರೆ ಕಲೆ ಹೋಯಿತು, ಉಗುರಿಗೆ ಸಿಗುವ ಸಣ್ಣ ಗುಳಿಗಳು ಉಳಿದವು. ಎರಡು ದಿನ ಕೆಲಸ ಮಾಡುವಷ್ಟರಲ್ಲಿ ಸಿಲಿಂಡರಿನ ಬಾಯಿಂದ ಎಣ್ಣೆ ಒಸರತೊಡಗಿತು. ಶಿವಮೊಗ್ಗದಿಂದ ಸೀಲ್ ಕಿಟ್ ತಂದು ಹಾಕಿದೆ. ಎರಡು ವಾರಕ್ಕೆ ಮತ್ತೆ ಸೋರಿಕೆ. ಗುಳಿಯ ಚೂಪು ಅಂಚು ಹೊಸ ಸೀಲಿನ ತುಟಿಯನ್ನು ಅರದ ಹಾಗೆ ತಿಂದಿತ್ತು. ಕೊನೆಗೆ ರಾಡನ್ನು ಕಳಚಿ, ಉಜ್ಜಿಸಿ, ಹಾರ್ಡ್ ಕ್ರೋಮ್ ಲೇಪನ ಮಾಡಿಸಿ ತಂದ ಮೇಲಷ್ಟೇ ನಿಂತಿತು. ಕೊಯ್ಲಿನ ನಡುವೆ ಮೂರು ವಾರ ಯಂತ್ರ ಸುಮ್ಮನೆ ನಿಂತಿತ್ತು, ಒಲೆಗೆ ಕಟ್ಟಿಗೆ ಕೊಂಡು ತರಬೇಕಾಯಿತು. ಆ ಸಂಕಟ ಈಗಲೂ ಮರೆತಿಲ್ಲ.

ಅದೇ ವರ್ಷ ಎಣ್ಣೆಯೂ ಹಾಳಾಗಿತ್ತು. ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗೆ ಹಾಲು ಕಲಸಿದಂತೆ ಬಿಳಿ. ಮಳೆನೀರು ನೇರವಾಗಿ ಹೋಗಿರಲಿಲ್ಲ. ಹಗಲಿನ ಬಿಸಿಗೆ ಟ್ಯಾಂಕಿನೊಳಗಿನ ಗಾಳಿ ಹಿಗ್ಗಿ ಉಸಿರು ರಂಧ್ರದಿಂದ ಹೊರಹೋಗುತ್ತದೆ, ರಾತ್ರಿ ತಣಿದಾಗ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆ ತೇವ ಹನಿಯಾಗಿ ಎಣ್ಣೆಗೆ ಇಳಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಜಾಸ್ತಿ, ನೀರೂ ಜಾಸ್ತಿ. ಟ್ಯಾಂಕಿನ ಎಣ್ಣೆ ಮಾತ್ರ ಬದಲಿಸಿದರೆ ಸಾಲದು, ಸಿಲಿಂಡರ್ ಮತ್ತು ಹೋಸು ಪೈಪುಗಳಲ್ಲಿ ಉಳಿದ ಬಿಳಿ ಎಣ್ಣೆ ಹೊಸದನ್ನೂ ಕೆಡಿಸುತ್ತದೆ. ಎರಡು ಸಲ ತುಂಬಿ, ಓಡಿಸಿ, ಬಸಿದೆ. ಪುಸ್ತಕದಲ್ಲಿ 32ನೇ ದರ್ಜೆಯ ಎಣ್ಣೆ ಎಂದಿತ್ತು, ನಾನು ಅದಕ್ಕಿಂತ ದಪ್ಪದ 46 ಹಾಕುತ್ತೇನೆ. ನಮ್ಮ ಬೇಸಿಗೆಯ ಮಧ್ಯಾಹ್ನ 32 ತೀರಾ ತೆಳುವಾಗುತ್ತದೆ.

ಅಂದಿನಿಂದ ಮಳೆಗಾಲದ ಮೊದಲು ರಾಡನ್ನು ಪೂರ್ತಿ ಒಳಗೆಳೆದು, ಹೊರಗೆ ಉಳಿಯುವ ತುದಿಗೆ ಗ್ರೀಸ್ ಮೆತ್ತಿ, ಎಣ್ಣೆಯನ್ನು ಮೇಲಿನ ಗುರುತಿಗೆ ತುಂಬುತ್ತೇನೆ. ಮಟ್ಟ ನೋಡುವುದು ರಾಡ್ ಒಳಗಿರುವಾಗಲೇ. ಹೊರಗಿರುವಾಗ ನೋಡಿ ತುಂಬಿದರೆ, ಒಳಗೆಳೆದಾಗ ಉಕ್ಕಿ ಚೆಲ್ಲುತ್ತದೆ. ಟಾರ್ಪಾಲು ಸುತ್ತುವುದು ಬಿಟ್ಟಿದ್ದೇನೆ. ಕೊಟ್ಟಿಗೆಯ ಮಾಡಿನಡಿ, ನಾಲ್ಕೂ ಕಡೆ ಗಾಳಿಯಾಡುವಲ್ಲಿ ಹಲಗೆಯ ಮೇಲೆ ನಿಲ್ಲಿಸುತ್ತೇನೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿ ರಾಡನ್ನು ನಾಲ್ಕು ಸಲ ಆಡಿಸಿ, ಮತ್ತೆ ಒಳಗೆಳೆದಿಡುತ್ತೇನೆ. ಆಡಿದಾಗ ಎಣ್ಣೆಯ ತೆಳು ಪದರ ರಾಡಿಗೆ ಹತ್ತುತ್ತದೆ.

ಎಣ್ಣೆ ಶುದ್ಧವಾಗಿರಲಿ ಎಂದು ಫಿಲ್ಟರ್ ಹಾಕಲು ಹೋಗಿ ಒಂದು ದೊಡ್ಡ ತಪ್ಪನ್ನೂ ಮಾಡಿದೆ. ಯಂತ್ರದಲ್ಲಿ ಟ್ಯಾಂಕಿನೊಳಗಿನ ತಂತಿ ಜಾಲರಿ ಬಿಟ್ಟರೆ ಬೇರೆ ಫಿಲ್ಟರ್ ಇರಲಿಲ್ಲ. ಪಂಪಿಗೆ ಕಸ ಹೋಗದಿರಲಿ ಎಂದು ಟ್ಯಾಂಕ್ ಮತ್ತು ಪಂಪಿನ ನಡುವೆ 10 ಮೈಕ್ರಾನಿನ ಸೂಕ್ಷ್ಮ ಫಿಲ್ಟರ್ ಕೂರಿಸಿದೆ. ಸ್ಟಾರ್ಟ್ ಮಾಡಿದ ಕೂಡಲೇ ಪಂಪು ಕಲ್ಲು ಅರೆಯುವ ಹಾಗೆ ಕಿರುಚಿತು. ಎಣ್ಣೆ ಸಾಕಷ್ಟು ಬಾರದೆ ಒಳಗೆ ಗುಳ್ಳೆಗಳು ಹುಟ್ಟಿ ಒಡೆಯುವ ಸದ್ದು ಅದು. ಅರ್ಧ ದಿನ ಹಾಗೇ ಓಡಿಸಿದರೆ ಪಂಪಿನ ಲೋಹವೇ ಕಿತ್ತುಬರುತ್ತದೆ. ಸೂಕ್ಷ್ಮ ಫಿಲ್ಟರಿನ ಜಾಗ ವಾಲ್ವಿನಿಂದ ಟ್ಯಾಂಕಿಗೆ ಮರಳುವ ಹಾದಿ. ಅಲ್ಲಿಯೂ ಅಳತೆ ನೋಡಬೇಕು. ನನ್ನ ಪಂಪು ನಿಮಿಷಕ್ಕೆ 40 ಲೀಟರ್ ಕೊಡುತ್ತದೆ, ಆದರೆ ರಾಡ್ ಹಿಂದೆ ಬರುವಾಗ ಮರಳುವ ಎಣ್ಣೆ 53 ಲೀಟರ್. ರಾಡಿನ ಕಡೆ 50 ಮಿಮೀ ಉಕ್ಕು ಜಾಗ ತಿನ್ನುವುದರಿಂದ ಆ ಬದಿಗೆ ಕಡಿಮೆ ಎಣ್ಣೆ ಸಾಕು, ಇನ್ನೊಂದು ಬದಿಯಿಂದ ಹೆಚ್ಚು ಹೊರಬೀಳುತ್ತದೆ. ಫಿಲ್ಟರನ್ನು ಈ ದೊಡ್ಡ ಲೆಕ್ಕಕ್ಕೇ ಕೊಳ್ಳಬೇಕು, ಕಸ ಕಟ್ಟಿದಾಗ ಎಣ್ಣೆಯನ್ನು ಪಕ್ಕದಿಂದ ಬಿಡುವ ಬೈಪಾಸ್ ಇರುವುದನ್ನೇ ಕೊಳ್ಳಬೇಕು.

ಜೋಡಣೆಗಳಿಗೆ ನಲ್ಲಿಯವರ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಎಳೆ ಹರಿದು ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಳ ಅಂಚಿಗೆ ರಬ್ಬರ್ ಇರುವ ಲೋಹದ ಡೌಟಿ ವಾಷರ್ ಹಾಕಿದರೆ ಸಾಕು. ಹೋಸುಗಳನ್ನು ಜೆಸಿಬಿ ಬಿಡಿಭಾಗದ ಅಂಗಡಿಗಳಲ್ಲಿ ಅಳತೆಗೆ ಕತ್ತರಿಸಿ, ತುದಿ ಒತ್ತಿ ಕೊಡುತ್ತಾರೆ. ರಬ್ಬರಿನೊಳಗೆ ಎರಡು ಪದರ ತಂತಿ ಹೆಣೆದದ್ದನ್ನೇ ಕೇಳಿ.

ಒಂದು ಮಾತನ್ನು ಮನೆಯ ಹುಡುಗರಿಗೆ ಪ್ರತಿ ಹಂಗಾಮಿನ ಮೊದಲ ದಿನ ಹೇಳುತ್ತೇನೆ. ಹೋಸಿನ ಸೋರಿಕೆಯನ್ನು ಕೈಯಿಂದ ಸವರಿ ಹುಡುಕಬಾರದು, ಗ್ಲೌಸ್ ಇದ್ದರೂ ಸರಿಯೇ. ಸೂಜಿಮೊನೆಯಷ್ಟು ರಂಧ್ರದಿಂದ ಈ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಅಷ್ಟಾಗಿ ಇರುವುದಿಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೇ, ಕೈಯನ್ನೇ ಕಳೆದುಕೊಳ್ಳಬೇಕಾದೀತು. ಸೋರಿಕೆ ಹುಡುಕುವುದು ರಟ್ಟಿನ ತುಂಡಿನಿಂದ. ಇನ್ನೊಂದು, ಮರ ಇಡುವವನೇ ಲಿವರ್ ಹಿಡಿಯಬೇಕು. ಒಬ್ಬ ಇಟ್ಟು ಇನ್ನೊಬ್ಬ ಎಳೆದರೆ ಒಂದಲ್ಲ ಒಂದು ದಿನ ಬೆರಳು ನಡುವೆ ಸಿಗುತ್ತದೆ. ತಮ್ಮನ ಮಗ ರಜೆಗೆ ಬಂದಾಗ "ದೊಡ್ಡಪ್ಪ, ನಾನು ಲಿವರ್ ಹಿಡೀತೀನಿ, ನೀವು ಮರ ಇಡಿ" ಅನ್ನುತ್ತಾನೆ. ಎರಡನ್ನೂ ಅವನಿಗೇ ಬಿಟ್ಟು ನಾನು ಸೀಳಿದ್ದನ್ನು ಹೊತ್ತು ಜೋಡಿಸುತ್ತೇನೆ.

ಎಂಜಿನ್ನಿನದು ದೊಡ್ಡ ಗೋಳಲ್ಲ. ಎಥೆನಾಲ್ ಬೆರೆತ ಪೆಟ್ರೋಲು ತೇವ ಹೀರುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟುತ್ತದೆ. ಹಾಗಾಗಿ ಪ್ರತಿಸಲ ಕೆಲಸ ಮುಗಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗಿ ನಿಲ್ಲುವ ತನಕ ಓಡಿಸುತ್ತೇನೆ. ಅಕೇಶಿಯಾ ತೊಗಟೆಯ ಧೂಳು ಜಾಸ್ತಿ, ಏರ್ ಫಿಲ್ಟರನ್ನು ವಾರಕ್ಕೊಮ್ಮೆ ಬಿಚ್ಚಲೇಬೇಕು. ಹಲಸಿನ ಮೇಣ ತೊಲೆಗೆ ಹತ್ತಿದರೆ ಅದೇ ದಿನ ಸೀಮೆಎಣ್ಣೆಯಲ್ಲಿ ಒರೆಸಿ ಗ್ರೀಸ್ ಹಚ್ಚುತ್ತೇನೆ.

ಹೊಸ ಕ್ರೋಮಿನ ರಾಡಿಗೆ ಈಗ ನಾಲ್ಕನೆಯ ಮಳೆಗಾಲ. ಕಳೆದ ವಾರ ಟಾರ್ಚ್ ಹಿಡಿದು ಉದ್ದಕ್ಕೂ ಉಗುರು ಎಳೆದು ನೋಡಿದೆ, ಎಲ್ಲೂ ತಡೆಯಲಿಲ್ಲ. ಉಳಿದಿರುವ ಕೆಲಸ ಒಂದೇ. ಎರಡಾಳು ಸೇರಿ ಎತ್ತಬೇಕಾದ ಹಲಸಿನ ಬೊಡ್ಡೆಯನ್ನು ತೊಲೆಗೆ ಏರಿಸಲು, ಬದಿಗೆ ಸಣ್ಣ ಸಿಲಿಂಡರಿನ ತೋಳೊಂದನ್ನು ಜೋಡಿಸಬೇಕು. ಅದಕ್ಕೆ ಇನ್ನೊಂದು ವಾಲ್ವ್ ಬೇಕು. ಮೇಸ್ತ್ರಿಯವರು ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು ಬನ್ನಿ ಎಂದಿದ್ದಾರೆ.