ವಿಯೆನ್ನಾವೋ ನೇಪಲ್ಸೋ: ದೂರು ಓದಿ ಊರು ಆರಿಸಿದ ಬಗೆ

ಹೊಗಳಿಕೆ ಓದಿ ಊರು ಆರಿಸಲು ಆಗುವುದಿಲ್ಲ. ಯುರೋಪಿನ ಯಾವ ನಗರದ ಬಗ್ಗೆ ಬರೆದದ್ದನ್ನು ತೆರೆದರೂ ಅರಮನೆ ಭವ್ಯ, ಚರ್ಚು ಪುರಾತನ, ಊಟ ಅಮೋಘ, ಸೂರ್ಯಾಸ್ತ ಮರೆಯಲಾಗದ್ದು. ಹೆಸರು ಅದಲುಬದಲು ಮಾಡಿದರೂ ಯಾರಿಗೂ ಗೊತ್ತಾಗದು. ಬೈಗುಳ ಹಾಗಲ್ಲ. ಪ್ರತಿ ಊರಿಗೂ ಅದರದೇ ಆದ ಬೈಗುಳ ಇರುತ್ತದೆ. ದಸರಾ ರಜೆಗೆ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋಗುವುದೋ ಇಟಲಿಯ ನೇಪಲ್ಸಿಗೆ ಹೋಗುವುದೋ ಎಂದು ಅಕ್ಕನೂ ನಾನೂ ತೀರ್ಮಾನಿಸಿದ್ದು ಆ ಬೈಗುಳಗಳನ್ನು ಓದಿಯೇ.

ನಾನು ಚಿತ್ರದುರ್ಗದಲ್ಲಿ ಪ್ರೌಢಶಾಲೆ ಮಕ್ಕಳಿಗೆ ಇತಿಹಾಸ ಕಲಿಸುತ್ತೇನೆ. ಅಕ್ಕ ಮೈಸೂರಿನಲ್ಲಿದ್ದಾಳೆ, ಬ್ಯಾಂಕಿನಿಂದ ನಿವೃತ್ತಳಾಗಿದ್ದಾಳೆ. ಅವಳಿಗೆ ಸಂಗೀತವೆಂದರೆ ಪ್ರಾಣ, ಮೊಣಕಾಲು ನೋವು ಬಹಳ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ನನಗೆ ಹಳೆಯ ಕಲ್ಲು, ಹಳೆಯ ನಾಣ್ಯ ಇದ್ದರೆ ಸಾಕು. ಖರ್ಚು ಅರ್ಧರ್ಧ, ಆದ್ದರಿಂದ ಮತವೂ ಅರ್ಧರ್ಧ. ಮೇಲ್ನೋಟಕ್ಕೆ ಅವಳ ಊರು ಸಂಗೀತದ ವಿಯೆನ್ನಾ, ನನ್ನ ಊರು ಹಳೆಯ ಕಲ್ಲಿನ ನೇಪಲ್ಸ್.

ಎರಡನ್ನೂ ನೋಡಿಬಿಡಿ ಎಂದು ಹೇಳಿದವರೇ ಹೆಚ್ಚು. ವಿಯೆನ್ನಾದಿಂದ ರೋಮಿಗೆ ರಾತ್ರಿ ರೈಲಿದೆ, ರೋಮಿನಿಂದ ವೇಗದ ರೈಲಿನಲ್ಲಿ ನೇಪಲ್ಸಿಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಮೊಣಕಾಲು ನೋವಿನವಳು ರಾತ್ರಿ ರೈಲಿನ ಮೇಲಿನ ಬರ್ತ್ ಹತ್ತಬೇಕಾದರೆ? ಅದೂ ಅಲ್ಲದೆ ರಜೆ ಚಿಕ್ಕದು. ಊರು ಬದಲಿಸುವ ಪ್ರತಿ ಸಲವೂ ಹೋಟೆಲು ಖಾಲಿ ಮಾಡಿ, ಪೆಟ್ಟಿಗೆ ಎಳೆದು, ಮತ್ತೊಂದು ಕೋಣೆ ಸಿಗುವವರೆಗೆ ಕಾಯುವುದರಲ್ಲಿ ಒಂದು ಇಡೀ ದಿನ ಹೋಗುತ್ತದೆ. ನಾವು ಒಂದೇ ಊರು ಎಂದು ಪಟ್ಟು ಹಿಡಿದೆವು.

ಆಯ್ಕೆಯನ್ನು ಮುಂದೂಡುವಂತೆಯೂ ಇರಲಿಲ್ಲ. ಆಸ್ಟ್ರಿಯಾ, ಇಟಲಿ ಎರಡಕ್ಕೂ ಅದೇ ಷೆಂಗನ್ ವೀಸಾ ನಡೆಯುತ್ತದೆ ನಿಜ. ಆದರೆ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೇವೋ ಆ ದೇಶಕ್ಕೇ ಅರ್ಜಿ ಹಾಕಬೇಕು, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಹದಿನೈದು ದಿನ ಮೊದಲು ಎಂಬುದು ಕೊನೆಯ ಗಡುವು, ಆದರೆ ಅದನ್ನು ನಂಬಿ ಕೂರುವವರು ಧೈರ್ಯವಂತರು. ಶುಲ್ಕ 2024ರ ಜೂನ್‌ನಿಂದ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ. ಹಾಗಾಗಿ ಮಳೆಗಾಲ ಶುರುವಾಗುವ ಹೊತ್ತಿಗೇ ನಾವು ಊರನ್ನು ಗೊತ್ತು ಮಾಡಬೇಕಿತ್ತು.

ಒಂದು ಭಾನುವಾರ ಅಕ್ಕನ ಮನೆಯಲ್ಲಿ ಕುಳಿತು ಹೋಗಿಬಂದವರ ವಿಮರ್ಶೆಗಳಲ್ಲಿ ಒಂದು, ಎರಡು ನಕ್ಷತ್ರ ಕೊಟ್ಟವುಗಳನ್ನು ಮಾತ್ರ ಓದತೊಡಗಿದೆವು. ಹೋಟೆಲಿನ ಜಿರಳೆಯ ಕಥೆಗಳನ್ನು ಬಿಟ್ಟು, ಊರಿನ ಸ್ವಭಾವದ ಮೇಲಿನ ದೂರುಗಳನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು.

ವಿಯೆನ್ನಾದ ಮೇಲಿನ ದೂರು: ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಕಾಫಿ ಹೌಸಿನ ವೇಟರುಗಳು ಮುಖ ಗಂಟಿಕ್ಕಿಕೊಂಡಿರುತ್ತಾರೆ. ಖಾಲಿ ರಸ್ತೆಯನ್ನು ಕೆಂಪು ದೀಪವಿರುವಾಗ ದಾಟಿದರೆ ಎದುರಿನವರು ದುರುಗುಟ್ಟುತ್ತಾರೆ. ಮೆಟ್ರೋದಲ್ಲಿ ಗೇಟೇ ಇಲ್ಲ, ಆದರೆ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ನೂರು ಯೂರೋ ಮೀರಿದ ದಂಡ. ಸಂಜೆಯಾದ ಮೇಲೆ ಬೀದಿಯಲ್ಲಿ ಸದ್ದೇ ಇಲ್ಲ. ಒಟ್ಟಿನಲ್ಲಿ ಚೊಕ್ಕ, ಆದರೆ ಬೇಸರ.

ನೇಪಲ್ಸಿನ ಮೇಲಿನ ದೂರು: ಎರಡು ಮಾರು ಅಗಲದ ಗಲ್ಲಿಯಲ್ಲೂ ಸ್ಕೂಟರು ನುಗ್ಗುತ್ತದೆ. ಕಸ. ಜೇಬುಗಳ್ಳರು. ಗೋಡೆಯ ಮೇಲೆಲ್ಲ ಗೀಚಾಟ. ವೆಸೂವಿಯಸ್ ಜ್ವಾಲಾಮುಖಿಯನ್ನು ಸುತ್ತುವ ಲೋಕಲ್ ರೈಲಿನಲ್ಲಿ ಉಸಿರಾಡಲು ಜಾಗವಿಲ್ಲ. ಮಧ್ಯರಾತ್ರಿಯಾದರೂ ಕಿಟಕಿಯಿಂದ ಕಿಟಕಿಗೆ ಕೂಗಿ ಮಾತಾಡುತ್ತಾರೆ. ಸರತಿ ಎಂಬುದಕ್ಕೆ ಬೆಲೆಯಿಲ್ಲ.

ಅಕ್ಕ ಪಟ್ಟಿಯನ್ನು ಎರಡು ಸಲ ಓದಿ, "ಎರಡನೆಯದು ದೂರಲ್ಲ ಕಣೇ, ದೇವರಾಜ ಮಾರುಕಟ್ಟೆಯ ವರ್ಣನೆ" ಎಂದಳು.

ಆ ಮಾತಿನಲ್ಲಿ ನಗೆಗಿಂತ ಹೆಚ್ಚಿನದು ಇತ್ತು. ಮನೆಯಿಂದ ಇಷ್ಟು ದೂರ ಹೋದಾಗ ನಮ್ಮನ್ನು ಹಣ್ಣು ಮಾಡುವುದು ಹೊಸ ಬಗೆಯ ಕಿರಿಕಿರಿ. ಗದ್ದಲ, ನೂಕುನುಗ್ಗಲು, ಸ್ಕೂಟರುಗಳೊಡನೆ ನಮಗೆ ಐವತ್ತು ವರ್ಷದ ಪರಿಚಯವಿದೆ. ತಪ್ಪು ಮಾಡಿಬಿಟ್ಟೆವೇನೋ ಎಂದು ದಿನವಿಡೀ ಮೈಯೆಲ್ಲ ಎಚ್ಚರವಾಗಿ ನಡೆಯುವುದು ಮಾತ್ರ ನಮ್ಮಿಬ್ಬರಿಗೂ ಆಗದು. ಜರ್ಮನಿಯಲ್ಲೋ ನೆದರ್ಲೆಂಡ್ಸಿನಲ್ಲೋ ಹತ್ತು ವರ್ಷ ಇದ್ದು ಬಂದವರಿಗೆ ಇದೇ ಪಟ್ಟಿ ತಿರುವುಮುರುವಾಗಿ ಕಾಣಬಹುದು.

ಆದರೂ ಮೊಣಕಾಲಿನ ಪ್ರಶ್ನೆ ಇತ್ತು, ಅದರಲ್ಲಿ ವಿಯೆನ್ನಾ ಬಹಳ ಮುಂದೆ. ಒಳನಗರ ಹೆಚ್ಚುಕಡಿಮೆ ಸಮತಟ್ಟು, ಟ್ರ್ಯಾಮಿನ ನೆಲ ಫುಟ್‌ಪಾತಿನಷ್ಟೇ ಎತ್ತರ, ಮೆಟ್ರೋ ನಿಲ್ದಾಣಗಳಲ್ಲೆಲ್ಲ ಲಿಫ್ಟು. ನೇಪಲ್ಸಿನ ಹಳೆಯ ಬೀದಿಗಳಿಗೆ ಹಾಸಿರುವುದು ಜ್ವಾಲಾಮುಖಿಯ ಕಪ್ಪು ಕಲ್ಲು, ಅದೂ ಅಂಕುಡೊಂಕು. ಗುಡ್ಡದ ಮೇಲಿನ ಸ್ಯಾನ್ ಮಾರ್ಟಿನೋ ಮಠದಿಂದ ಕೆಳಗಿಳಿಯುವ ಪೆಡಮೆಂಟಿನಾ ಎಂಬ ದಾರಿಯೊಂದರಲ್ಲೇ ನಾನೂರಕ್ಕೂ ಹೆಚ್ಚು ಮೆಟ್ಟಿಲು. ಗುಡ್ಡ ಹತ್ತಲು ಹಗ್ಗದಿಂದ ಎಳೆಯುವ ಫ್ಯುನಿಕ್ಯುಲರ್ ರೈಲುಗಳಿವೆ ಎಂಬುದೊಂದೇ ಸಮಾಧಾನ.

ಇಲ್ಲಿ ಅಕ್ಕ ನಾನು ಯೋಚಿಸದ ದಾರಿಯಲ್ಲಿ ವಾದಿಸಿದಳು. ಎಷ್ಟು ನಡೆಯಬೇಕು ಎಂಬ ಲೆಕ್ಕ ಬಿಡು, ನಡೆಯಲಾಗದೆ ಕುಳಿತಾಗ ಏನು ಸಿಗುತ್ತದೆ ಹೇಳು ಎಂದಳು. ವಿಯೆನ್ನಾದಲ್ಲಿ ಅವಳಿಗೆ ಬೇಕಾದದ್ದೆಲ್ಲ ಬಾಗಿಲಿನ ಒಳಗಿದೆ. ಅಲ್ಲಿಯ ಸರ್ಕಾರಿ ಒಪೆರಾದಲ್ಲಿ ಇಪ್ಪತ್ತು ಯೂರೋಗಿಂತ ಕಡಿಮೆಗೆ ಟಿಕೆಟ್ ಸಿಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಅದು ನಿಂತು ನೋಡುವ ಜಾಗ, ಮೂರು ಗಂಟೆ ನಿಲ್ಲಬೇಕು. ವೇದಿಕೆ ಚೆನ್ನಾಗಿ ಕಾಣುವ ಕುರ್ಚಿ ಬೇಕೆಂದರೆ ನಮ್ಮ ಹಣದ ಚೀಲ ನಿಲ್ಲುವುದಿಲ್ಲ. ಕಾಫಿ ಹೌಸುಗಳಲ್ಲಿ ಒಂದು ಕಾಫಿಗೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಪಕ್ಕದಲ್ಲಿ ಲೋಟ ನೀರಿಡುತ್ತಾರೆ, ಮರದ ಕೋಲಿಗೆ ಸಿಕ್ಕಿಸಿದ ಪತ್ರಿಕೆ ಕೊಡುತ್ತಾರೆ. ಪತ್ರಿಕೆ ಜರ್ಮನ್ ಭಾಷೆಯದು. ನೇಪಲ್ಸಿನಲ್ಲಾದರೆ ಒಂದು ಚೌಕದಲ್ಲಿ ಕುರ್ಚಿ ಹಾಕಿಕೊಂಡರೆ ಮದುವೆ, ಜಗಳ, ಫುಟ್ಬಾಲು, ಮೀನಿನ ವ್ಯಾಪಾರ ಎಲ್ಲವೂ ಎದುರಿಗೇ ಬರುತ್ತದೆ. ಕಾಲು ನೋವಿನವರಿಗೆ ಸಮತಟ್ಟಾದ ಊರೇ ಒಳ್ಳೆಯದು ಎಂದು ನಂಬಿದ್ದ ನನಗೆ ಇದಕ್ಕೆ ಉತ್ತರ ಸಿಗಲಿಲ್ಲ.

ಅವಳ ಸಂಗೀತಕ್ಕೂ ಅಲ್ಲಿ ಜಾಗವಿತ್ತು. ನೇಪಲ್ಸಿನ ಸ್ಯಾನ್ ಕಾರ್ಲೋ ಒಪೆರಾ ರಂಗಮಂದಿರ ಶುರುವಾದದ್ದು 1737ರಲ್ಲಿ, ಮಿಲಾನಿನ ಹೆಸರಾಂತ ಒಪೆರಾ ಮಂದಿರ ಲಾ ಸ್ಕಾಲಾಗಿಂತ 41 ವರ್ಷ ಮೊದಲು. ಪ್ರದರ್ಶನ ಇಲ್ಲದ ಹೊತ್ತಿನಲ್ಲಿ ಮಾರ್ಗದರ್ಶಿಯೊಡನೆ ಒಳಗೆ ಕರೆದೊಯ್ಯುತ್ತಾರೆ.

ಊಟದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಸಸ್ಯಾಹಾರ ಸಿಗುತ್ತದೆ ಎಂಬ ಮಾತು ಎರಡೂ ಊರುಗಳಲ್ಲಿ ಅರ್ಧ ಸತ್ಯ. ವಿಯೆನ್ನಾದ ಆಲೂಗಡ್ಡೆ ಸಲಾಡನ್ನು ಸಾಮಾನ್ಯವಾಗಿ ದನದ ಮಾಂಸದ ಸಾರಿನಲ್ಲಿ ಕಲಸುತ್ತಾರೆ. ಚೀಸ್ ಹಾಕಿದ ಸ್ಪೆಟ್ಸ್ಲೆ ಎಂಬ ಗಿಡ್ಡ ಶ್ಯಾವಿಗೆಯಂಥ ತಿನಿಸಿನ ಹಿಟ್ಟಿನಲ್ಲಿ ಮೊಟ್ಟೆ, ಕೇಕುಗಳಲ್ಲಿ ಮೊಟ್ಟೆ. ನೇಪಲ್ಸಿನಲ್ಲಿ ಮರಿನಾರಾ ಪಿಜ್ಜಾ ಇದೆ: ಟೊಮೆಟೊ, ಬೆಳ್ಳುಳ್ಳಿ, ಓರೆಗಾನೋ, ಎಣ್ಣೆ, ಚೀಸೂ ಇಲ್ಲ. ಹಿಟ್ಟಿಗೆ ನೀರು, ಉಪ್ಪು, ಯೀಸ್ಟ್ ಬಿಟ್ಟರೆ ಬೇರೇನೂ ಬೀಳುವುದಿಲ್ಲ. ಪಕ್ಕದ ಗ್ರನ್ಯಾನೋ ಊರಿನ ಒಣ ಪಾಸ್ತಾ ಗೋಧಿ ರವೆ ಮತ್ತು ನೀರಿನದು, ಮೊಟ್ಟೆಯಿಲ್ಲ. ಫ್ರಿಯಾರಿಯೆಲ್ಲಿ ಎಂಬ ಕಹಿ ಸೊಪ್ಪಿನ ಪಲ್ಯವನ್ನು ಸಾಸೇಜ್ ಜೊತೆ ಕೊಡುವುದು ವಾಡಿಕೆ, ಕೇಳಿದರೆ ಸೊಪ್ಪನ್ನಷ್ಟೇ ಬಡಿಸುತ್ತಾರೆ. ಆದರೆ ಅಲ್ಲಿಯ ಅಪಾಯ ಸಿಹಿಯಂಗಡಿಯಲ್ಲಿದೆ. ಪದರಪದರವಾಗಿ ಗರಿಗರಿಯಾದ ಸ್ಫೋಲ್ಯಾತೆಲ್ಲಾಕ್ಕೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಹಾಕುತ್ತಾರೆ, ನಮ್ಮ ಕೋಡುಬಳೆಯ ಹಾಗೆ ಕಾಣುವ ಮೆಣಸಿನ ತರಾಲ್ಲಿಗೂ ಅದೇ. ಬರೀ ಈರುಳ್ಳಿಯ ಸಾಸಿನಂತೆ ಕಾಣುವ ಜೆನೊವೇಸೆ ಮಾಂಸದೊಂದಿಗೆ ಗಂಟೆಗಟ್ಟಲೆ ಬೆಂದದ್ದು. ಪಾರ್ಮಿಜಾನೋ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಹಾಗಾಗಿ ಅಕ್ಕನಿಗೆ ಅದೂ ಇಲ್ಲ. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಇಟಾಲಿಯನ್ ಭಾಷೆಯಲ್ಲೇ ಬರೆಸಿಕೊಂಡೆವು. ಅವಳು ಮರಿನಾರಾವನ್ನು ಎಷ್ಟು ಸಲ ತಿಂದಳು ಎಂಬುದನ್ನು ಕೇಳಬೇಡಿ.

ನನ್ನ ಕಡೆಯ ಆಸೆಯನ್ನೂ ಹೇಳಿಬಿಡುತ್ತೇನೆ. ನೇಪಲ್ಸಿನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಭಾರತದ ಒಂದು ದಂತದ ಬೊಂಬೆ ಇದೆ, ಗೇಣಿಗಿಂತ ಸ್ವಲ್ಪ ಎತ್ತರ. 1938ರಲ್ಲಿ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪಾಂಪೆ ಎಂಬ ರೋಮನ್ ಊರಿನ ಮನೆಯೊಂದರಲ್ಲಿ ಸಿಕ್ಕಿತು. ಮೊದಲು ಲಕ್ಷ್ಮಿ ಎಂದರು, ಈಗ ಯಕ್ಷಿ ಎನ್ನುವವರೇ ಹೆಚ್ಚು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿಯುವ ಮೊದಲೇ ಅದು ಅಲ್ಲಿಗೆ ತಲುಪಿತ್ತು. ಇಂಥದೇ ದಂತದ ಕೆಲಸ ಮಹಾರಾಷ್ಟ್ರದ ಭೋಕರದನ್‌ನಲ್ಲೂ ಸಿಕ್ಕಿರುವುದರಿಂದ ಸಾತವಾಹನರ ನಾಡಿನಿಂದ ಹೋಗಿರಬೇಕೆಂಬ ಊಹೆಯಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳ ಬಗ್ಗೆ ಪ್ರತಿ ವರ್ಷ ಪಾಠ ಮಾಡುವ ನನಗೆ, ಅದೇ ವ್ಯಾಪಾರದ ಆ ಕಡೆಯ ತುದಿ ನೋಡುವ ಹಂಬಲ ಎಷ್ಟಿರಬಹುದು ಎಂದು ನೀವೇ ಊಹಿಸಿ. ಬೊಂಬೆ ಇರುವುದು ಪಾಂಪೆಯ ಶೃಂಗಾರದ ಚಿತ್ರ, ಶಿಲ್ಪಗಳನ್ನು ಇಟ್ಟಿರುವ, ಬಹುಕಾಲ ಬೀಗ ಹಾಕಿದ್ದ ಕೋಣೆಯಲ್ಲಿ. ಅಕ್ಕ ಆ ಕೋಣೆಯನ್ನು ನನಗಿಂತ ನಿಧಾನವಾಗಿ, ಸಾವಕಾಶವಾಗಿ ನೋಡಿದಳು. ಅಂದ ಹಾಗೆ, ಆ ಸಂಗ್ರಹಾಲಯಕ್ಕೆ ಮಂಗಳವಾರ ರಜೆ.

ಎರಡು ಊರುಗಳ ನಡುವೆ ನಮಗಿಂತ ಮೊದಲು ಸಿಕ್ಕಿಕೊಂಡವಳೊಬ್ಬಳಿದ್ದಳು. ವಿಯೆನ್ನಾದ ಮಾರಿಯಾ ತೆರೇಸಾ ರಾಣಿ ತನ್ನ ಮಗಳು ಮಾರಿಯಾ ಜೋಸೆಫಾಳನ್ನು ನೇಪಲ್ಸಿನ ಅರಸ ಫರ್ಡಿನಾಂಡನಿಗೆ ಕೊಡಲು ನಿಶ್ಚಯಿಸಿದ್ದಳು. 1767ರಲ್ಲಿ ಆ ಹುಡುಗಿ ಸಿಡುಬಿನಿಂದ ಸತ್ತಳು. ಮುಂದಿನ ವರ್ಷ ತಂಗಿ ಮಾರಿಯಾ ಕರೋಲಿನಾಳನ್ನು ಅದೇ ಅರಸನಿಗೆ ಕೊಟ್ಟು ಕಳಿಸಿದರು. ಅವಳಿಗೆ ಯಾರೂ ನೋಟ್‌ಬುಕ್ಕು ಕೊಟ್ಟು ದೂರುಗಳ ಪಟ್ಟಿ ಮಾಡು ಎನ್ನಲಿಲ್ಲ.

ಪಟ್ಟಿಯಲ್ಲಿ ಒಂದು ವಿಷಯವನ್ನು ಮಾತ್ರ ನಗೆಯಾಡದೆ ಯೋಚಿಸಿದೆವು. ನೇಪಲ್ಸಿನ ಪಶ್ಚಿಮಕ್ಕೆ ಕ್ಯಾಂಪಿ ಫ್ಲೆಗ್ರೇ ಎಂಬ ಜ್ವಾಲಾಮುಖಿ ಪ್ರದೇಶವಿದೆ. ಅಲ್ಲಿ ನೆಲ ಮೆಲ್ಲಗೆ ಮೇಲೇಳುತ್ತಿದೆ, ಆಗಾಗ ನಡುಗುತ್ತದೆ. 2024ರ ಮೇ ತಿಂಗಳಲ್ಲಿ 4.4 ಪ್ರಮಾಣದ ಕಂಪನವಾಗಿತ್ತು. ಅದಕ್ಕೆ ಹೆದರಿ ಊರನ್ನೇ ಬಿಡಬೇಕೆಂದು ನನಗೆ ಅನಿಸಲಿಲ್ಲ, ಆದರೆ ಆ ಪ್ರದೇಶದಲ್ಲೇ ಇರುವ ಪೊಝ್ಝುವೊಲಿ ಊರಿನ ಕಡೆ ಸಮುದ್ರ ಕಾಣುವ ಅಗ್ಗದ ಕೋಣೆಗಳನ್ನು ಪಟ್ಟಿಯಿಂದ ತೆಗೆದೆವು. ಹಳೆಯ ಊರಿನ ನಡುವೆ, ಸಂಗ್ರಹಾಲಯಕ್ಕೆ ಹತ್ತಿರ ಕೋಣೆ ಹಿಡಿದೆವು. ಕೋಣೆ ಹಿಡಿಯುವಾಗ ಕೇಳಿದ್ದು ಎರಡೇ ಪ್ರಶ್ನೆ: ಎಷ್ಟನೇ ಮಹಡಿ, ಲಿಫ್ಟು ಬೀದಿ ಮಟ್ಟದಿಂದಲೇ ಹೊರಡುತ್ತದೆಯೇ. ಅಲ್ಲಿಯ ಹಳೆಯ ವಾಡೆಗಳಲ್ಲಿ ಲಿಫ್ಟು ತಲುಪಲು ಮೊದಲು ಮೆಟ್ಟಿಲು ಹತ್ತಬೇಕಾಗಬಹುದು. ಕೆಲವು ಕಟ್ಟಡಗಳಲ್ಲಿ ಲಿಫ್ಟು ಮೇಲೇಳಲು ಚಿಲ್ಲರೆ ನಾಣ್ಯ ಹಾಕಬೇಕು ಎಂಬುದನ್ನೂ ಮನೆಯೊಡತಿ ತಿಳಿಸಿದರು.

ನೇಪಲ್ಸ್ ಆಯ್ಕೆಯಾದ ಮೇಲೂ ಅದೇ ಪದ್ಧತಿಯಲ್ಲಿ ದಿನಗಳನ್ನು ಹೊಂದಿಸಿದೆವು. ಪಾಂಪೆಯ ಮೇಲಿನ ದೂರು ಬಿಸಿಲು, ದೂರ, ಜನಜಂಗುಳಿ. ಅದು 66 ಹೆಕ್ಟೇರ್ ವಿಸ್ತಾರದ ಊರು, ಒಂದು ದಿನಕ್ಕೆ 20,000 ಜನ ಎಂಬ ಮಿತಿಯನ್ನೇ 2024ರ ನವೆಂಬರಿನಲ್ಲಿ ಹಾಕಬೇಕಾಯಿತು. ಅದೇ ಸ್ಫೋಟದಲ್ಲಿ ಹೂತುಹೋದ ಇನ್ನೊಂದು ಊರು ಹರ್ಕ್ಯುಲೇನಿಯಮ್ ಮೇಲಿನ ದೂರು ಒಂದೇ: ಚಿಕ್ಕದು. ಅಕ್ಕನ ಕಾಲಿಗೆ ಅದು ದೂರಲ್ಲ, ಶಿಫಾರಸು. ಮೇಲೆ ಇಂದಿನ ಊರು, ಸುಮಾರು ಇಪ್ಪತ್ತು ಮೀಟರ್ ಕೆಳಗೆ ಹಳೆಯ ಊರು. ಬಿಸಿ ಬೂದಿಯ ಪ್ರವಾಹದಲ್ಲಿ ಮರ ಉರಿಯದೆ ಇದ್ದಿಲಾಗಿ ನಿಂತಿದೆ, ಬಾಗಿಲು, ತೊಲೆ, ಮಂಚ ಎಲ್ಲವೂ. ಸಮುದ್ರದ ಕಡೆಯ ದೋಣಿಮನೆಗಳಲ್ಲಿ ಆಶ್ರಯ ಪಡೆದು ಸತ್ತ ಸುಮಾರು ಮುನ್ನೂರು ಜನರ ಎಲುಬುಗಳು ಸಿಕ್ಕಿದ್ದು ಇಲ್ಲೇ. ರೈಲು ನಿಲ್ದಾಣದಿಂದ ಅಲ್ಲಿಗೆ ಇಳಿಜಾರು, ನಡೆದು ಹೋದೆವು. ಮರಳುವಾಗ ಟ್ಯಾಕ್ಸಿ. ಪಾಂಪೆ ನೋಡದೆ ಬಂದಿರಾ ಎಂದು ಊರಿನಲ್ಲಿ ಇನ್ನೂ ಕೇಳುತ್ತಾರೆ.

ಚರ್ಚುಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಮಧ್ಯಾಹ್ನ ಊಟದ ಹೊತ್ತಿಗೆ ಬಹಳಷ್ಟು ಬಾಗಿಲು ಹಾಕಿಕೊಂಡು ಸಂಜೆ ತೆರೆಯುತ್ತವೆ. ಬೆಳಿಗ್ಗೆ ಚರ್ಚು, ಮಧ್ಯಾಹ್ನ ಚೌಕದ ಕುರ್ಚಿ ಎಂದು ನಾವು ಹಂಚಿಕೊಂಡಿದ್ದೆವು. ಪರ್ಸನ್ನು ಕುತ್ತಿಗೆಗೆ ಹಾಕಿ ಸೀರೆಯ ಸೆರಗಿನೊಳಗೆ ಇಟ್ಟುಕೊಂಡ ಅಕ್ಕನ ಹತ್ತಿರ ಯಾವ ಜೇಬುಗಳ್ಳನೂ ಸುಳಿಯಲಿಲ್ಲ.

ವಿಯೆನ್ನಾದ ಹಾಳೆ ನೋಟ್‌ಬುಕ್ಕಿನಲ್ಲಿ ಹಾಗೆಯೇ ಇದೆ. ಅದಕ್ಕೆ ಅಕ್ಕ ಈಚೆಗೆ ಎರಡು ಸಾಲು ಸೇರಿಸಿದ್ದಾಳೆ. ಜುಲೈ, ಆಗಸ್ಟ್‌ನಲ್ಲಿ ಒಪೆರಾಕ್ಕೆ ರಜೆ, ಆಗ ಬೇಡ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಬಿಳಿ ಆಸ್ಪರಾಗಸ್ ಕಾಲ, ಹೋಟೆಲುಗಳಲ್ಲೆಲ್ಲ ಅದರದೇ ಅಡುಗೆ, ಮೇಲೆ ಸುರಿಯುವ ಸಾಸಿನಲ್ಲಿ ಮೊಟ್ಟೆ ಇರುವುದರಿಂದ ಬೆಣ್ಣೆ ಮಾತ್ರ ಹಾಕಿಸಿಕೊಳ್ಳಬೇಕು. ಕುರ್ಚಿಯ ಟಿಕೆಟಿಗೆ ಹಣ ಕೂಡಿಡುತ್ತಿದ್ದಾಳಂತೆ, ನನ್ನ ಪಾಲಿನದನ್ನು ನಾನೇ ನೋಡಿಕೊಳ್ಳಬೇಕಂತೆ.